ಡಾಕ್ಟರ್ ಫೀಸು ಏರುತ್ತಿದೆ, ಔಷಧಿ ಬಿಲ್ಲು ಇಳಿಯುತ್ತಿದೆ

ಹನುಮಂತನಗರದ ನಮ್ಮ ಕ್ಲಿನಿಕ್‌ಗೆ ನಾಯಿ, ಬೆಕ್ಕು ಕರೆತರುವ ಎಲ್ಲರಿಗೂ ನಮಸ್ಕಾರ.

ಬರುವ ತಿಂಗಳ ಒಂದನೇ ತಾರೀಖಿನಿಂದ ತಪಾಸಣೆ ಫೀಸು ₹300ರಿಂದ ₹500 ಆಗುತ್ತದೆ. ಅದೇ ಕಾಯಿಲೆಗೆ 14 ದಿನದೊಳಗೆ ಎಷ್ಟು ಸಲ ಬಂದರೂ ಮತ್ತೆ ಫೀಸಿಲ್ಲ. ಈಗ ಪ್ರತಿ ಸಲ ₹200 ತೆಗೆದುಕೊಳ್ಳುತ್ತಿದ್ದೇವೆ. ಔಷಧಿಯನ್ನು ನಮ್ಮಲ್ಲೇ ಕೊಳ್ಳಬೇಕೆಂಬ ಕಟ್ಟು ಹೋಗುತ್ತದೆ, ಚೀಟಿ ಬರೆದು ನಿಮ್ಮ ಕೈಗೆ ಕೊಡುತ್ತೇವೆ. ಲಸಿಕೆ ಮತ್ತಿತರ ಸೇವೆಗೆ ಮುಂಚೆಯೇ ಹಣ ಕಟ್ಟುವ ‘ವರ್ಷದ ಪ್ಯಾಕೇಜ್’ ನಿಲ್ಲುತ್ತದೆ.

ಫೀಸು ಏರಿಸಿ ಖರ್ಚು ಇಳಿಯುತ್ತದೆ ಎನ್ನುತ್ತಾರಲ್ಲ ಎಂದು ನಗಬೇಡಿ, ಲೆಕ್ಕ ಮುಂದಿಡುತ್ತೇವೆ. ₹300 ಫೀಸಿನಲ್ಲಿ ಬಾಡಿಗೆ, ಕರೆಂಟು, ಸಂಬಳ ಯಾವುದೂ ಹೊರಡುವುದಿಲ್ಲ. ಆ ಕೊರತೆಯನ್ನು ತುಂಬುತ್ತಿದ್ದದ್ದು ಔಷಧಿ ಮಾರಾಟದ ಲಾಭ. ಹಾಗಿದ್ದಾಗ ಒಂದು ಇಂಜೆಕ್ಷನ್ ಸಾಕಾದ ಕಡೆ ಎರಡು, ಮಾತ್ರೆ ಸಾಕಾದ ಕಡೆ ಟಾನಿಕ್ಕೂ ಸೇರುವುದು ಸಹಜ. ಕೊನೆಗೆ ಮೂಗಿಗಿಂತ ಮೂಗುತಿ ಭಾರ. ಡಾಕ್ಟರ ಸಮಯಕ್ಕೆ ನೇರವಾಗಿ ಹಣ ಕೊಟ್ಟರೆ ಔಷಧಿ ಹೆಚ್ಚಿಸುವ ಆಸೆಗೆ ಜಾಗವಿರುವುದಿಲ್ಲ.

ನಾಯಿಯ ಮೈಗೆ ಕಚ್ಚಿ ರಕ್ತ ಹೀರುವ ಉಣ್ಣೆ (ಉಣ್ಣಿ ಹುಳ) ಹರಡುವ ಉಣ್ಣೆ ಜ್ವರದ ಉದಾಹರಣೆ ತೆಗೆದುಕೊಳ್ಳಿ. ಬೆಂಗಳೂರಿನ ಹವೆಯಲ್ಲಿ ಉಣ್ಣೆಗೆ ರಜೆಯೇ ಇಲ್ಲ, ಹಾಗಾಗಿ ನಮ್ಮಲ್ಲಿ ಇದು ವರ್ಷವಿಡೀ ಬರುವ ಕಾಯಿಲೆ. 12 ಕೆಜಿಯ ನಾಯಿಗೆ ಹಳೆಯ ಪದ್ಧತಿಯ ಬಿಲ್ಲು ಹೀಗಿರುತ್ತಿತ್ತು: ಫೀಸು ₹300, ಮೂರು ಮರುಭೇಟಿಗೆ ₹600, ರಕ್ತಪರೀಕ್ಷೆ ₹600, ‘ಮೆಡಿಸಿನ್’ ಎಂಬ ಒಂದೇ ಸಾಲಿನಲ್ಲಿ ₹2,150. ಒಟ್ಟು ₹3,650. ಹೊಸದರಲ್ಲಿ ಫೀಸು ₹500, ರಕ್ತಪರೀಕ್ಷೆ ₹600, ಚಿಕಿತ್ಸೆ ಮುಗಿಯುವಾಗ ಪ್ಲೇಟ್‌ಲೆಟ್ ಮತ್ತೊಮ್ಮೆ ಎಣಿಸಲು ₹300. ಔಷಧಿ ಹೊರಗೆ ನಮ್ಮ ಹಳೆಯ ದರದ ಅರ್ಧಕ್ಕೆ ಸಿಕ್ಕಿದರೂ ₹1,075. ಒಟ್ಟು ₹2,475.

ಎಲ್ಲರಿಗೂ ಉಳಿತಾಯವೇ ಎಂದು ಹೇಳುವುದಿಲ್ಲ. ವರ್ಷಕ್ಕೊಮ್ಮೆ ಕಿವಿ ತುರಿಕೆಗೆ ಬಂದು ಒಂದು ಡ್ರಾಪ್ಸ್ ತೆಗೆದುಕೊಂಡು ಹೋಗುವವರಿಗೆ ನೂರಿನ್ನೂರು ಹೆಚ್ಚೇ ಆಗುತ್ತದೆ. ಲಸಿಕೆಗೆ ಮಾತ್ರ ಬಂದವರಿಗೆ ಬೇರೆ ಫೀಸಿಲ್ಲ, ತಪಾಸಣೆ ಲಸಿಕೆಯ ದರದಲ್ಲೇ ಸೇರಿದೆ.

₹500ಕ್ಕೆ ಏನು ಸಿಗಬೇಕು? ಮೊದಲು ತೂಕ, ಏಕೆಂದರೆ ಔಷಧಿಯ ಪ್ರಮಾಣವೆಲ್ಲ ಕೆಜಿ ಲೆಕ್ಕ. ಜ್ವರ ನೋಡುವುದು ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟು. ಆರೋಗ್ಯವಂತ ನಾಯಿಯ ಮೈಬಿಸಿ ಸುಮಾರು 100.5ರಿಂದ 102.5 ಫ್ಯಾರನ್‌ಹೀಟ್ ಇರುತ್ತದೆ, ಮೂಗು ಮುಟ್ಟಿ ಹೇಳುವ ಜ್ವರಕ್ಕೆ ಅರ್ಥವಿಲ್ಲ. ತುಟಿ ಎತ್ತಿ ಒಸಡಿನ ಬಣ್ಣ, ದವಡೆಯ ಕೆಳಗೆ ಗಂಟು, ಎದೆಗೆ ಸ್ಟೆತಸ್ಕೋಪ್, ಹೊಟ್ಟೆ ಒತ್ತಿ ನೋಡುವುದು. ಇಷ್ಟಕ್ಕೆ ಹದಿನೈದು ನಿಮಿಷ ಬೇಕೇ ಬೇಕು. ನಮ್ಮಲ್ಲಾಗಲಿ ಬೇರೆಲ್ಲಾಗಲಿ, ನಾಯಿಯನ್ನು ಮೇಜಿನ ಮೇಲೆ ಹತ್ತಿಸದೆ ಸಿರಿಂಜ್ ಎತ್ತಿಕೊಂಡರೆ ಕೊಟ್ಟ ಫೀಸು ಎಷ್ಟೇ ಇರಲಿ, ದುಬಾರಿಯೇ.

ವೈದ್ಯರನ್ನು ಆರಿಸುವಾಗ ಫೀಸಿಗಿಂತ ಮೊದಲು ಕೇಳಬೇಕಾದದ್ದು ನೋಂದಣಿ ಸಂಖ್ಯೆ. ಬಿ.ವಿ.ಎಸ್‌ಸಿ. ಅಂಡ್ ಎ.ಎಚ್. ಪದವಿ ಪಡೆದು ಕರ್ನಾಟಕ ಪಶುವೈದ್ಯಕೀಯ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿದವರು ಮಾತ್ರ ಚಿಕಿತ್ಸೆ ಕೊಡಬಹುದು. ಇದಕ್ಕೆ 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆಯ ಆಧಾರವಿದೆ. ಮರಿ ಮಾರುವವರು, ಪೆಟ್ ಶಾಪ್ ಹುಡುಗರು ಹಾಕುವ ಇಂಜೆಕ್ಷನ್‌ಗೆ ಯಾರೂ ಜವಾಬ್ದಾರರಲ್ಲ. ಎರಡನೆಯದಾಗಿ, ತಮ್ಮ ಕೈಮೀರಿದ್ದನ್ನು ಎಲ್ಲಿಗೆ ಕಳಿಸುತ್ತೀರಿ ಎಂದು ಕೇಳಿ. ಎಲ್ಲವನ್ನೂ ನಾವೇ ಮಾಡುತ್ತೇವೆ ಎನ್ನುವವರಿಗಿಂತ ಇಂಥ ಕಡೆ ಕಳಿಸುತ್ತೇವೆ ಎನ್ನುವವರು ಮೇಲು. ಮೂಳೆ ಮುರಿತ, ಕಣ್ಣು, ಹೃದಯದ ಪ್ರಕರಣಗಳಿಗೆ ನಾವು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯ ಹೆಸರನ್ನು ಮೊದಲು ಹೇಳುತ್ತೇವೆ. ಅದು ಕಲಿಸುವ ಆಸ್ಪತ್ರೆ, ವಿಭಾಗಕ್ಕೊಬ್ಬರು ತಜ್ಞರಿದ್ದಾರೆ, ಖರ್ಚು ಖಾಸಗಿಗಿಂತ ಬಹಳ ಕಡಿಮೆ. ಬದಲಿಗೆ ನೀವು ಕೊಡಬೇಕಾದದ್ದು ಸಮಯ: ವಾರದ ದಿನ, ಬೆಳಗ್ಗೆ ಬೇಗ, ಹಳೆಯ ರಿಪೋರ್ಟ್‌ಗಳೊಂದಿಗೆ ಹೋಗಿ. ಕ್ವೀನ್ಸ್ ರಸ್ತೆಯಲ್ಲಿ ಸರ್ಕಾರಿ ಪಶು ಆಸ್ಪತ್ರೆಯೂ ಇದೆ. ಎರಡನೇ ಅಭಿಪ್ರಾಯಕ್ಕೆ ಹೋಗುತ್ತೇವೆ ಎಂದರೆ ನಾವು ಮುಖ ಸಿಂಡರಿಸುವುದಿಲ್ಲ, ಎಕ್ಸ್‌ರೇ ಸಮೇತ ಫೈಲಿನ ಪ್ರತಿ ಕೊಡುತ್ತೇವೆ.

ಇನ್ನು ಚೀಟಿ. ಅದರಲ್ಲಿ ಪ್ರಾಣಿಯ ತೂಕ, ಔಷಧಿಯ ಮೂಲ (ಜನರಿಕ್) ಹೆಸರು, ಮಿಲಿಗ್ರಾಂ, ದಿನಕ್ಕೆಷ್ಟು ಸಲ, ಎಷ್ಟು ದಿನ ಎಂಬುದನ್ನು ದಪ್ಪ ಅಕ್ಷರದಲ್ಲಿ ಬರೆದು ನೋಂದಣಿ ಸಂಖ್ಯೆಯ ಸೀಲು ಹಾಕುತ್ತೇವೆ. ನಾಯಿ ಬೆಕ್ಕಿಗೆ ಬರೆಯುವ ಹಲವು ಮಾತ್ರೆ ಮನುಷ್ಯರದ್ದೇ: ಡಾಕ್ಸಿಸೈಕ್ಲಿನ್, ಅಮಾಕ್ಸಿಸಿಲಿನ್-ಕ್ಲಾವುಲನೇಟ್, ಮೆಟ್ರೊನಿಡಜೋಲ್, ಪ್ರೆಡ್ನಿಸೊಲೋನ್, ಹೃದಯದ ಕಾಯಿಲೆಯಿರುವ ನಾಯಿಗಳಿಗೆ ಫ್ಯುರೊಸಮೈಡ್. ಇವನ್ನು ಮೊದಲು ಹತ್ತಿರದ ಜನೌಷಧಿ ಕೇಂದ್ರದಲ್ಲಿ ಕೇಳಿ.

ಕೌಂಟರ್‌ನಲ್ಲಿ ತಪ್ಪುವುದು ಎಲ್ಲಿ ಎಂದೂ ತಿಳಿದಿರಲಿ. ಸೆಟಿರಿಜಿನ್ ಕೇಳಿದರೆ ಕೆಲವು ಕಡೆ ನೆಗಡಿಯ ಸಂಯುಕ್ತ ಮಾತ್ರೆ ಕೊಟ್ಟುಬಿಡುತ್ತಾರೆ. ಅದರಲ್ಲಿ ಪ್ಯಾರಸಿಟಮಾಲ್ ಇರುತ್ತದೆ, ಬೆಕ್ಕಿಗೆ ಪ್ಯಾರಸಿಟಮಾಲ್‌ನ ಒಂದೇ ಮಾತ್ರೆ ಪ್ರಾಣ ತೆಗೆಯಬಲ್ಲದು. ಸಕ್ಕರೆರಹಿತ ಸಿರಪ್ ಆದರೆ ಹಿಂಬದಿ ಓದಿ, ಕ್ಸೈಲಿಟಾಲ್ ಎಂಬ ಸಿಹಿಕಾರಕ ಇದ್ದರೆ ನಾಯಿಗೆ ವಿಷ. ‘ಅದಿಲ್ಲ, ಇದು ಅದೇ’ ಎಂದು ಬೇರೆ ಸ್ಟ್ರಿಪ್ ಕೊಟ್ಟರೆ ಫೋಟೋ ತೆಗೆದು ನಮಗೆ ವಾಟ್ಸಾಪ್ ಮಾಡಿ, ನೋಡಿ ಹೇಳುತ್ತೇವೆ. ಇದಕ್ಕೆ ದುಡ್ಡಿಲ್ಲ. ಮನೆಯ ಡಬ್ಬಿಯಲ್ಲಿರುವ ಐಬುಪ್ರೊಫೆನ್, ಡೈಕ್ಲೊಫೆನಾಕ್‌ಗಳನ್ನು ಕುಂಟುವ ನಾಯಿಗೆ ದಯವಿಟ್ಟು ಕೊಡಬೇಡಿ. ಆ ನಾಲ್ಕು ರೂಪಾಯಿಯ ಮಾತ್ರೆ ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆಯಾಗಿ ವಾರದ ಡ್ರಿಪ್‌ನಲ್ಲಿ ಮುಗಿಯುತ್ತದೆ.

ಡಾಕ್ಸಿಸೈಕ್ಲಿನ್ ವಿಷಯ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಹೆಚ್ಚು ಹಣ ಪೋಲಾಗುವುದು ಇಲ್ಲೇ. ಉಣ್ಣೆ ಹರಡುವ ಎರ್ಲಿಕಿಯಾ ಎಂಬ ರೋಗಾಣುವಿಗೆ ಇದು ಸಾಮಾನ್ಯವಾಗಿ 28 ದಿನದ ಕೋರ್ಸ್. ಮೂರನೇ ದಿನಕ್ಕೆ ಜ್ವರ ಇಳಿದು ನಾಯಿ ತಟ್ಟೆ ನೆಕ್ಕಲು ಶುರುಮಾಡುತ್ತದೆ, ಹತ್ತನೇ ದಿನಕ್ಕೆ ಮನೆಯವರು ಮಾತ್ರೆ ನಿಲ್ಲಿಸುತ್ತಾರೆ, ಎರಡು ತಿಂಗಳಿಗೆ ಮೂಗಿನಲ್ಲಿ ರಕ್ತ ಬಂತೆಂದು ಓಡಿಬರುತ್ತಾರೆ. ಇನ್ನೊಂದು, ಮೊಸರನ್ನದ ಉಂಡೆಯಲ್ಲಿ ಮಾತ್ರೆ ಅಡಗಿಸಿ ಕೊಡುವ ನಮ್ಮ ಅಭ್ಯಾಸ. ಹಾಲು ಮೊಸರಿನ ಕ್ಯಾಲ್ಸಿಯಂ ಈ ಔಷಧಿ ಮೈಗೆ ಸೇರುವುದನ್ನು ತಗ್ಗಿಸುತ್ತದೆ, ಅನ್ನ-ಮೊಟ್ಟೆಯಲ್ಲಿ ಕೊಡಿ. ಬೆಕ್ಕಿಗೆ ಒಣ ಮಾತ್ರೆ ನುಂಗಿಸಿ ಬಿಡಬೇಡಿ, ಅನ್ನನಾಳದಲ್ಲಿ ಸಿಕ್ಕಿಕೊಂಡು ಸುಡುತ್ತದೆ. ಹಿಂದೆಯೇ ಸೂಜಿಯಿಲ್ಲದ ಸಿರಿಂಜಿನಲ್ಲಿ 5–6 ಮಿ.ಲೀ. ನೀರು ಬಾಯಿಯ ಪಕ್ಕದಿಂದ ನಿಧಾನವಾಗಿ ಬಿಡಿ.

‘ಉಣ್ಣೆ ಜ್ವರ ಅಂತ ಗೊತ್ತೇ ಇದೆಯಲ್ಲ, ರಕ್ತಪರೀಕ್ಷೆ ಯಾಕೆ’ ಎಂದು ಕೇಳುವವರಿದ್ದಾರೆ. ಕಿವಿಯಂಚಿನಿಂದ ಒಂದು ಹನಿ ರಕ್ತ ತೆಗೆದು ಗಾಜಿನ ಮೇಲೆ ತೆಳುವಾಗಿ ಎಳೆದು, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತೇವೆ. ಕೆಂಪು ಕಣದೊಳಗೆ ಸಣ್ಣ ಉಂಗುರದಂಥ ಚುಕ್ಕಿ ಕಂಡರೆ ಅದು ಉಣ್ಣೆಯೇ ಹರಡುವ ಇನ್ನೊಂದು ರೋಗಾಣು, ಬಬೇಸಿಯಾ. ಬಬೇಸಿಯಾಕ್ಕೆ ಡಾಕ್ಸಿಸೈಕ್ಲಿನ್ ಒಂದೇ ಸಾಲದು, ಔಷಧಿಯೇ ಬೇರೆ. ಅಂದಾಜಿನ ಮೇಲೆ ತಿಂಗಳು ಮಾತ್ರೆ ನುಂಗಿಸಿದ ಮೇಲೆ ಬಿಳಿಚಿದ ಒಸಡಿನೊಂದಿಗೆ ಬಂದರೆ ರಕ್ತ ಹಾಕಿಸುವ ಖರ್ಚಿಗೆ ನಿಲ್ಲುತ್ತದೆ. ಗಾಜಿನಲ್ಲಿ ಏನೂ ಕಾಣಲಿಲ್ಲ ಎಂದರೆ ರೋಗವಿಲ್ಲ ಎಂದೂ ಅಲ್ಲ. ಆಗ ಪ್ಲೇಟ್‌ಲೆಟ್ ಎಣಿಕೆ ನೋಡಿ, ಬೇಕಾದರೆ ಮಾತ್ರ ಪಿಸಿಆರ್‌ಗೆ ಕಳಿಸುತ್ತೇವೆ. ಉಣ್ಣೆಗೆಂದು ನಾಯಿಗೆ ತಂದ ಪರ್ಮೆಥ್ರಿನ್ ದ್ರವವನ್ನು ಬೆಕ್ಕಿನ ಹತ್ತಿರವೂ ತರಬೇಡಿ, ನಡುಕ ಹತ್ತಿ ಸಾಯುತ್ತದೆ.

ಹೊರಗಿಂದ ತಂದರೆ ನಾವು ಹಾಕದಿರುವುದು ಲಸಿಕೆಯನ್ನು ಮಾತ್ರ. ಲಸಿಕೆ ಅಂಗಡಿಯಿಂದ ನಮ್ಮ ಬಾಗಿಲವರೆಗೂ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲೇ ಇರಬೇಕು. ಸ್ಕೂಟರಿನ ಡಿಕ್ಕಿಯಲ್ಲಿ ತಂದರೆ ಡಿಸ್ಟೆಂಪರ್, ಪಾರ್ವೋ ಎಂಬ ನಾಯಿರೋಗಗಳ ಲಸಿಕೆಯ ಒಣಪುಡಿ ಬಿಸಿಗೆ ಸತ್ವ ಕಳೆದುಕೊಳ್ಳುತ್ತದೆ. ಐಸಿಗೆ ಅಂಟಿಸಿ ತಂದರೆ ರೇಬೀಸ್ ಲಸಿಕೆ ಹೆಪ್ಪುಗಟ್ಟಿ ಕೆಡುತ್ತದೆ. ಕೆಟ್ಟದ್ದು ಕಣ್ಣಿಗೆ ಕಾಣುವುದಿಲ್ಲ. ನಮ್ಮ ಫ್ರಿಜ್‌ನ ಉಷ್ಣಾಂಶದ ಪಟ್ಟಿಯನ್ನು ಬಾಗಿಲ ಮೇಲೇ ಅಂಟಿಸಿದ್ದೇವೆ, ಓದಿ. ಪುಡಿ ಮತ್ತು ದ್ರವ ನಿಮ್ಮ ಮುಂದೆಯೇ ಬೆರೆಯಬೇಕು, ಬಾಟಲಿಯ ಸ್ಟಿಕ್ಕರ್ ಕಿತ್ತು ಬ್ಯಾಚ್ ಸಂಖ್ಯೆ ಸಮೇತ ಕಾರ್ಡಿಗೆ ಅಂಟಬೇಕು. ಚಿಕ್ಕ ಪೊಮೇರಿಯನ್‌ಗೆ ಅರ್ಧ ಸಾಕು, ಅರ್ಧ ದುಡ್ಡು ತಗೊಳ್ಳಿ ಎನ್ನುವವರಿಗೆ: ಲಸಿಕೆ ತೂಕದ ಲೆಕ್ಕವಲ್ಲ, ಚಿಹುವಾಹುವಾಕ್ಕೂ ಗ್ರೇಟ್ ಡೇನ್‌ಗೂ ಪೂರ್ತಿ ಡೋಸೇ.

ಪ್ಯಾಕೇಜ್ ನಿಲ್ಲಿಸಿದ್ದೂ ಲಸಿಕೆಯ ಕಾರಣಕ್ಕೇ. ಒಂಬತ್ತು ರೋಗ, ಹತ್ತು ರೋಗ ಎಂದು ಸಂಖ್ಯೆ ಏರಿಸಿ ಪ್ರತಿ ವರ್ಷ ಎಲ್ಲವನ್ನೂ ಚುಚ್ಚುವುದರಿಂದ ನಾಯಿಗೆ ಲಾಭವಿಲ್ಲ. ಮರಿಗೆ 6–8 ವಾರಕ್ಕೆ ಶುರುಮಾಡಿ 3–4 ವಾರಕ್ಕೊಮ್ಮೆ, 16 ವಾರ ತುಂಬುವವರೆಗೆ ಹಾಕಿಸಿ. ತಾಯಿಯಿಂದ ಬಂದ ರಕ್ಷಣೆ ಲಸಿಕೆಯನ್ನು ತಡೆಯುವುದರಿಂದ ಕೊನೆಯ ಡೋಸ್ ತಪ್ಪಿಸಿದರೆ ಹಿಂದಿನವು ವ್ಯರ್ಥವಾಗಬಹುದು. ವರ್ಷದೊಳಗೆ ಒಂದು ಬೂಸ್ಟರ್. ಆಮೇಲೆ ಡಿಸ್ಟೆಂಪರ್, ಪಾರ್ವೋ, ಅಡಿನೋ ವೈರಸ್‌ಗಳ ಲಸಿಕೆ ಮೂರು ವರ್ಷಕ್ಕೊಮ್ಮೆ ಸಾಕು ಎಂಬುದು ಅಂತರರಾಷ್ಟ್ರೀಯ ಮಾರ್ಗಸೂಚಿ. ರೇಬೀಸ್ ಮತ್ತು ಇಲಿಜ್ವರದ್ದು ಮಾತ್ರ ವರ್ಷ ವರ್ಷ. ಮಳೆಗಾಲದಲ್ಲಿ ಮೋರಿ ನೀರು ಉಕ್ಕುವ ನಮ್ಮ ಬಡಾವಣೆಗಳಲ್ಲಿ ಇಲಿಜ್ವರದ ಲಸಿಕೆ ತಪ್ಪಿಸುವುದು ಉಳಿತಾಯವಲ್ಲ. ಸೆಪ್ಟೆಂಬರ್ 28, ವಿಶ್ವ ರೇಬೀಸ್ ದಿನದ ಆಸುಪಾಸಿನಲ್ಲಿ ಉಚಿತ ರೇಬೀಸ್ ಲಸಿಕೆ ಶಿಬಿರಗಳು ನಡೆಯುತ್ತವೆ. ಅಲ್ಲಿ ಹಾಕಿಸಿದ್ದನ್ನೂ ಕಾರ್ಡಿನಲ್ಲಿ ಬರೆಸಿಕೊಂಡು ಬನ್ನಿ, ನಾವು ಮತ್ತೆ ಹಾಕುವುದಿಲ್ಲ.

ಈಗಾಗಲೇ ಪ್ಯಾಕೇಜ್‌ಗೆ ಹಣ ಕಟ್ಟಿದವರು ಉಳಿದ ಸೇವೆ ಬಳಸಿಕೊಳ್ಳಬಹುದು, ಬೇಡವೆಂದರೆ ಉಳಿದ ತಿಂಗಳಿನ ಹಣ ವಾಪಸ್.

ಶಸ್ತ್ರಚಿಕಿತ್ಸೆಗೆ ಇನ್ನು ಮುಂದೆ ಬಾಯಿಮಾತಿನ ದರವಿಲ್ಲ, ಬರೆದುಕೊಟ್ಟ ಅಂದಾಜು ಪಟ್ಟಿ ಇರುತ್ತದೆ. ಹೆಣ್ಣು ನಾಯಿಯ ಸಂತಾನಹರಣಕ್ಕೆ ನಾಲ್ಕು ಕಡೆ ದರ ವಿಚಾರಿಸಿ ಹೋಲಿಸುವವರು ಇದನ್ನು ಗಮನಿಸಿ: ಮುಂಚಿನ ರಕ್ತಪರೀಕ್ಷೆ, ಅರಿವಳಿಕೆ ಇಂಜೆಕ್ಷನ್ನೋ ಗ್ಯಾಸೋ, ಡ್ರಿಪ್, ನೋವಿನ ಔಷಧಿ, ಕತ್ತಿನ ಕೋನ್, 10–14 ದಿನಕ್ಕೆ ಹೊಲಿಗೆ ಬಿಚ್ಚುವುದು ಇವೆಲ್ಲ ಸೇರಿದೆಯೇ? ಕಡಿಮೆ ಹೇಳಿದ ಕಡೆ ಇವು ಆಮೇಲೆ ಒಂದೊಂದಾಗಿ ಬಿಲ್ಲಿಗೆ ಹತ್ತುತ್ತವೆ. ನಮ್ಮ ಪಟ್ಟಿಯಲ್ಲಿ ಕನಿಷ್ಠ, ಗರಿಷ್ಠ ಎರಡೂ ಇರುತ್ತವೆ. ಗರಿಷ್ಠ ದಾಟುವ ಹಾಗಿದ್ದರೆ ಮೊದಲು ಫೋನ್ ಮಾಡುತ್ತೇವೆ. ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿಯ ನಂತರ ಬೆಳೆದ ನಾಯಿಗೆ ಊಟ ಬೇಡ. ಅಜ್ಜಿ ಪ್ರೀತಿಯಿಂದ ಬಿಸ್ಕತ್ತು ಕೊಟ್ಟಿದ್ದರೆ ಮುಚ್ಚಿಡದೆ ಹೇಳಿ, ದಿನ ಮುಂದೂಡಿದರಾಯಿತು. ಈ ಶಸ್ತ್ರಚಿಕಿತ್ಸೆ ಮಾಡಿಸದ ನಾಯಿಗೆ ವಯಸ್ಸಾದ ಮೇಲೆ ಗರ್ಭಕೋಶದಲ್ಲಿ ಕೀವು ತುಂಬಿದರೆ ಅದೇ ಆಪರೇಷನ್ ತುರ್ತಿನಲ್ಲಿ, ಹಲವು ಪಟ್ಟು ಖರ್ಚಿನಲ್ಲಿ ಆಗುತ್ತದೆ.

ಬಿಲ್ಲಿನಲ್ಲಿ ಇನ್ನೊಂದು ನೋಡಿ. ಪಶುಚಿಕಿತ್ಸಾಲಯದ ಚಿಕಿತ್ಸಾ ಸೇವೆಗೆ ಜಿಎಸ್‌ಟಿ ವಿನಾಯಿತಿ ಇದೆ. ಸ್ನಾನ, ಕೂದಲು ಕತ್ತರಿಸುವುದು, ಆಹಾರದ ಚೀಲ ಬೇರೆ ಮಾತು. ಫೀಸಿನ ಮೇಲೋ ಶಸ್ತ್ರಚಿಕಿತ್ಸೆಯ ಮೇಲೋ ತೆರಿಗೆ ಹಾಕಿದ್ದರೆ ಯಾಕೆಂದು ಕೇಳಿ.

ರಾತ್ರಿ ತುರ್ತಿನ ಶುಲ್ಕ ಬದಲಾಗಿಲ್ಲ, ಆದರೆ ಬರುವ ಮುನ್ನ ಫೋನ್ ಮಾಡಿ. ಬೆಳಗಿನವರೆಗೆ ಕಾಯಬಹುದಾದರೆ ಹಾಗೆಂದೇ ಹೇಳುತ್ತೇವೆ. ಒಂದು ಸಲ ವಾಂತಿ ಮಾಡಿಯೂ ಚುರುಕಾಗಿರುವ ಬೆಳೆದ ನಾಯಿ ಕಾಯಬಹುದು. ಗಂಡು ಬೆಕ್ಕು ಮರಳಿನ ತಟ್ಟೆಯಲ್ಲಿ ಕೂತು ತಿಣುಕುತ್ತಾ ಹನಿ ಮೂತ್ರವೂ ಬಾರದಿದ್ದರೆ ಕಾಯಬಾರದು. ಮಲಬದ್ಧತೆ ಎಂದುಕೊಂಡು ಎರಡು ದಿನ ಬಿಡುತ್ತಾರೆ, ಅಷ್ಟರಲ್ಲಿ ಮೂತ್ರ ಕಟ್ಟಿ ಜೀವಕ್ಕೇ ಬಂದಿರುತ್ತದೆ. ದೊಡ್ಡ ತಳಿಯ ನಾಯಿ ಹೊಟ್ಟೆಯುಬ್ಬಿ ವಾಂತಿ ಬಾರದೆ ಓಕರಿಸಿದರೂ ತಕ್ಷಣ ಹೊರಡಿ. ಇಲಿ ಪಾಷಾಣ ತಿಂದಿದ್ದರೆ ಖಾಲಿ ಪೊಟ್ಟಣವನ್ನೂ ತನ್ನಿ, ಚಿಕಿತ್ಸೆ ಅದರ ಹೆಸರಿನ ಮೇಲೆ ನಿಂತಿದೆ.

ಇಂಥ ದಿನಕ್ಕೆ ತಿಂಗಳಿಗೆ ₹500 ಪಕ್ಕಕ್ಕಿಟ್ಟರೆ ವರ್ಷಕ್ಕೆ ₹6,000. ಬ್ಯಾಂಕಿನ ಆರ್‌ಡಿ ಇದಕ್ಕೆ ಒಳ್ಳೆಯದು. ಅಂಚೆ ಕಚೇರಿಯದ್ದು ಐದು ವರ್ಷದ್ದು, ಮೂರು ವರ್ಷದ ಮೊದಲು ಮುರಿಯಲು ಬರುವುದಿಲ್ಲ, ನಾಯಿಯ ತುರ್ತಿಗೆ ಒದಗದು. ವಿಮೆ ಮಾಡಿಸುವುದಾದರೆ ಮರಿ ಇದ್ದಾಗಲೇ ಮಾಡಿಸಿ, ಮೊದಲೇ ಇದ್ದ ಕಾಯಿಲೆಗೆ ಸಾಮಾನ್ಯವಾಗಿ ಹಣ ಬರುವುದಿಲ್ಲ. ಕಾಯುವ ಅವಧಿ ಎಷ್ಟು ಎಂಬುದನ್ನು ಸಹಿಗೆ ಮುಂಚೆ ಓದಿ.

ಮುಂದಿನ ಸಲ ಬರುವಾಗ ಹಳೆಯ ಲಸಿಕೆ ಕಾರ್ಡು ಮತ್ತು ಈಗ ಕೊಡುತ್ತಿರುವ ಔಷಧಿಯ ಸ್ಟ್ರಿಪ್‌ಗಳನ್ನು ತನ್ನಿ, ಮೂಲ ಹೆಸರಿನಲ್ಲಿ ಹೊಸ ಚೀಟಿ ಬರೆದುಕೊಡುತ್ತೇವೆ. ಹೊಸ ದರಪಟ್ಟಿ ಕೌಂಟರ್ ಪಕ್ಕದ ಗೋಡೆಯಲ್ಲಿದೆ.

ಇಂತಿ,
ಕ್ಲಿನಿಕ್‌ನ ವೈದ್ಯರು ಮತ್ತು ಸಿಬ್ಬಂದಿ