ಫೈಲ್ ಅಕ್ಕನಿಗೆ, ಮತ್ತು ಉಳಿದ ಎಲ್ಲರಿಗೂ

ನಿನ್ನೆ ಸಂಜೆ ನಾಲ್ಕೂವರೆಗೆ ಕೊನೆಯ ಫೋನ್ ಬಂತು. "ಸರ್, ಮೊದಲನೆಯ ತರಗತಿ ಮುಗಿಯಿತು. ಹಾಜರಿ ತೆಗೆದುಕೊಳ್ಳುವಾಗ ನನ್ನ ಹೆಸರು ಕೂಗಿದರು" ಎಂದಳು ಹುಡುಗಿ. ಅಷ್ಟೇ ಮಾತು. ಫೋನ್ ಕೆಳಗಿಟ್ಟು ಗೋಡೆಯ ಪಟ್ಟಿಯಲ್ಲಿ ಇಪ್ಪತ್ತಮೂರನೆಯ ಹೆಸರಿನ ಮುಂದೆ ಗುರುತು ಹಾಕಿದೆ. ನಮ್ಮ ಸಂಜೆಯ ಓದುಕೋಣೆಗೆ ಇದು ಹತ್ತನೆಯ ವರ್ಷ. ಇಲ್ಲಿಂದ ಅರ್ಜಿ ಹಾಕಿದ ಮಕ್ಕಳೆಲ್ಲರೂ, ಒಬ್ಬರೂ ತಪ್ಪದೆ, ಕಾಲೇಜಿನ ಬೆಂಚಿನ ಮೇಲೆ ಹೋಗಿ ಕುಳಿತದ್ದು ಈ ಹತ್ತು ವರ್ಷಗಳಲ್ಲಿ ಇದೇ ಮೊದಲು.

ಅದೂ ನಾನು ಹಾಸಿಗೆ ಹಿಡಿದ ವರ್ಷದಲ್ಲಿ. ನನಗೆ ಏನಾಗಿತ್ತು, ಎಷ್ಟು ದಿನ ಮಲಗಿದ್ದೆ ಎಂಬುದೆಲ್ಲ ನಿಮಗೆ ಗೊತ್ತಿರುವುದೇ, ಮತ್ತೆ ಬರೆಯುವುದಿಲ್ಲ. ಈಗ ಮೆಟ್ಟಿಲು ಹತ್ತುತ್ತೇನೆ, ಸಂಜೆ ಎರಡು ಗಂಟೆ ಕುಳಿತು ಲೆಕ್ಕ ಹೇಳಿಕೊಡಬಲ್ಲೆ. ಸದ್ಯಕ್ಕೆ ಅಷ್ಟು ಸಾಕು.

ನಾನಿಲ್ಲದಾಗ ಲೆಕ್ಕ ಮತ್ತು ವಿಜ್ಞಾನದ ಪಾಠಗಳನ್ನು ಹಂಚಿಕೊಂಡ ಹಳೆಯ ವಿದ್ಯಾರ್ಥಿಗಳಿಗೆ, ಕೋಣೆಯ ಬಾಡಿಗೆಯನ್ನು ಕೇಳದೆ ಸುಮ್ಮನಿದ್ದ ಮನೆಯೊಡೆಯರಿಗೆ, ಪುಸ್ತಕ ಕೊಟ್ಟವರಿಗೆ, ಹಳೆಯ ಲ್ಯಾಪ್‌ಟಾಪ್ ಕೊಟ್ಟವರಿಗೆ, ರಾತ್ರಿ ತಡವಾದಾಗ ಹುಡುಗಿಯರನ್ನು ಮನೆಯವರೆಗೆ ಬಿಟ್ಟುಬಂದ ತಾಯಂದಿರಿಗೆ ನನ್ನ ನಮಸ್ಕಾರ. ಕೆಲಸದ ಬಟ್ಟೆಯಲ್ಲೇ ಬರಲು ನಾಚುವ ಹುಡುಗರಿಗೆ, ಹಗಲೆಲ್ಲ ದುಡಿಯುವವರಿಗೆಂದೇ ಜೋತಿಬಾ ಫುಲೆ ಮತ್ತು ಸಾವಿತ್ರಿಬಾಯಿ 1855ರಲ್ಲಿ ಪುಣೆಯಲ್ಲಿ ರಾತ್ರಿಶಾಲೆ ತೆರೆದ ಕಥೆಯನ್ನು ಪ್ರತಿ ವರ್ಷವೂ ಹೊಸದೆಂಬಂತೆ ಹೇಳುವ ನಮ್ಮ ಇತಿಹಾಸದ ಮೇಷ್ಟರಿಗೆ ವಿಶೇಷ ನಮಸ್ಕಾರ. ಶನಿವಾರದ ಕಿರುಪರೀಕ್ಷೆಯನ್ನು ಒಂದು ವಾರವೂ ತಪ್ಪಿಸದ ಇಬ್ಬರು ಸ್ವಯಂಸೇವಕರಿಗೂ. ಮಕ್ಕಳು ಅದನ್ನು ದೂರುತ್ತಲೇ ಬರೆದರು. ಓದಿದ್ದನ್ನೇ ಮತ್ತೆ ಓದುವವರಿಗೂ ಪುಸ್ತಕ ಮುಚ್ಚಿ ನೆನಪಿನಿಂದ ಬರೆಯುವವರಿಗೂ ಇರುವ ವ್ಯತ್ಯಾಸವನ್ನು ರೋಡಿಗರ್ ಮತ್ತು ಕಾರ್ಪಿಕ್ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಅಳೆದು ತೋರಿಸಿದ್ದಾರೆ. ಐದು ನಿಮಿಷ ಬಿಟ್ಟು ಕೇಳಿದರೆ ಮತ್ತೆ ಓದಿದವರೇ ಮುಂದು. ಒಂದು ವಾರ ಬಿಟ್ಟು ಕೇಳಿದರೆ ನೆನಪಿನಿಂದ ಬರೆದವರು ಮುಂದು. ಪರೀಕ್ಷೆ ಬರುವುದು ವಾರಗಳ ನಂತರವೇ ಅಲ್ಲವೆ?

ಇನ್ನು ಅಕ್ಕ. ಅವರ ಹೆಸರನ್ನು ಬರೆಯಬಾರದೆಂದು ಅವರೇ ಹೇಳಿದ್ದಾರೆ, ಬರೆಯುವುದಿಲ್ಲ. ಮಕ್ಕಳ ಬಾಯಲ್ಲಿ ಅವರು ಫೈಲ್ ಅಕ್ಕ. ಜೀವನವಿಡೀ ಗುಮಾಸ್ತೆಯಾಗಿ ಕಾಗದಪತ್ರಗಳ ನಡುವೆ ಕೆಲಸ ಮಾಡಿ ನಿವೃತ್ತರಾದವರು. ಏಳು ವರ್ಷಗಳ ಹಿಂದೆ ಒಂದು ಸಂಜೆ ಬಂದು, "ನನಗೆ ಪಾಠ ಹೇಳಲು ಬರುವುದಿಲ್ಲ. ಅರ್ಜಿ ಓದಲು ಬರುತ್ತದೆ. ಇಲ್ಲಿ ನನಗೇನಾದರೂ ಕೆಲಸವಿದೆಯೆ?" ಎಂದು ಕೇಳಿದ್ದರು. ಇದೆ ಎಂದೆ. ಆದರೆ ಅದು ಎಷ್ಟು ದೊಡ್ಡ ಕೆಲಸವೆಂದು ಆಗ ನನಗೆ ತಿಳಿದಿರಲಿಲ್ಲ. ಪಾಠವೇ ಮುಖ್ಯ, ಅರ್ಜಿ ಅದರ ಹಿಂದೆ ತಾನಾಗಿ ನಡೆದು ಬರುತ್ತದೆ ಎಂದು ನಂಬಿದ್ದವನು ನಾನು.

ಆ ನಂಬಿಕೆಗೆ ನಾವು ತೆತ್ತ ಬೆಲೆಯನ್ನು ಇಲ್ಲಿ ಹೇಳಲೇಬೇಕು. ಆರು ವರ್ಷಗಳ ಹಿಂದಿನ ತಂಡದಲ್ಲಿ ಒಬ್ಬ ಹುಡುಗನಿದ್ದ. ಕಲನಶಾಸ್ತ್ರವನ್ನು ನನಗಿಂತ ಚೆನ್ನಾಗಿ ವಿವರಿಸುತ್ತಿದ್ದ. ಬಯಸಿದ ಕಾಲೇಜಿನಲ್ಲೇ ಸೀಟು ಸಿಕ್ಕಿತು. ನಾವು ಅವನನ್ನು ನಡುವೆ ನಿಲ್ಲಿಸಿ ಫೋಟೊ ತೆಗೆಸಿಕೊಂಡೆವು, ಪಟ್ಟಿಯಲ್ಲಿ ಗುರುತು ಹಾಕಿದೆವು, ಮುಂದಿನ ತಂಡಕ್ಕೆ ತಯಾರಿ ಶುರುಮಾಡಿದೆವು. ಅವನು ಕಾಲೇಜಿಗೆ ಹೋಗಲೇ ಇಲ್ಲ. ಹಾಸ್ಟೆಲ್ ಅರ್ಜಿ ಬೇರೆ, ಅದಕ್ಕೆ ಬೇರೆ ಕೊನೆಯ ದಿನಾಂಕ ಎಂಬುದು ಅವನಿಗೆ ಗೊತ್ತಾಗಿರಲಿಲ್ಲ. ಕೇಳಲು ಸಂಕೋಚಪಟ್ಟ. ನಮಗೆ ವಿಷಯ ತಿಳಿಯುವಷ್ಟರಲ್ಲಿ ಮೂರು ತಿಂಗಳು ಕಳೆದಿತ್ತು.

ಸೀಟು ಸಿಕ್ಕ ದಿನಕ್ಕೂ ತರಗತಿಯ ಮೊದಲ ದಿನಕ್ಕೂ ನಡುವಿನ ಈ ಕಂದರಕ್ಕೆ ಅಮೆರಿಕದಲ್ಲಿ ಒಂದು ಹೆಸರೇ ಇದೆ, ಸಮ್ಮರ್ ಮೆಲ್ಟ್ ಎಂದು. ಕಾಲೇಜಿಗೆ ಹೋಗಲು ಸಿದ್ಧರಾದವರಲ್ಲಿ ಶೇ 10ರಿಂದ 20ರಷ್ಟು ಮಂದಿ ಆ ಬೇಸಿಗೆಯಲ್ಲೇ ಕರಗಿಹೋಗುತ್ತಾರೆಂದು ಕಾಸಲ್‌ಮನ್ ಮತ್ತು ಪೇಜ್ ಎಂಬ ಸಂಶೋಧಕರು ಲೆಕ್ಕ ಹಾಕಿದ್ದಾರೆ. ಬಡ ಮನೆಗಳ ಮಕ್ಕಳಲ್ಲಿ ಇದು ಇನ್ನೂ ಹೆಚ್ಚು. ಇದಕ್ಕೆ ಬುದ್ಧಿಯ ಕೊರತೆ ಕಾರಣವಲ್ಲ. ಶಾಲೆ ಕೈಬಿಟ್ಟಿರುತ್ತದೆ, ಕಾಲೇಜು ಇನ್ನೂ ಕೈಹಿಡಿದಿರುವುದಿಲ್ಲ, ಮನೆಯಲ್ಲಿ ಆ ದಾರಿ ತುಳಿದವರು ಯಾರೂ ಇರುವುದಿಲ್ಲ. ಅಂಥ ಮಕ್ಕಳ ಮೊಬೈಲ್‌ಗೆ ಇಂತಿಂಥ ದಿನ ಇಂತಿಂಥ ಕೆಲಸ ಎಂದು ನೆನಪಿನ ಸಂದೇಶ ಕಳುಹಿಸಿದ್ದರಿಂದಲೇ ಕೆಲವು ಕಡೆ ಕಾಲೇಜು ಸೇರಿದವರ ಸಂಖ್ಯೆ ಏರಿತಂತೆ. ಇದನ್ನು ನಾನು ಓದಿ ತಿಳಿದದ್ದು ಆ ಹುಡುಗನನ್ನು ಕಳೆದುಕೊಂಡ ಮೇಲೆ.

ಅಕ್ಕನಿಗೆ ಯಾವ ಸಂಶೋಧನೆಯೂ ಬೇಕಾಗಲಿಲ್ಲ. ಅವನ ಸುದ್ದಿ ತಿಳಿದ ಮರುದಿನ ಒಂದು ಸ್ಕೇಲು, ಕೆಂಪು ಪೆನ್ನು ಹಿಡಿದು ಬಂದರು. ಗೋಡೆಯ ಪಟ್ಟಿಯಲ್ಲಿ ಅಲ್ಲಿಯವರೆಗೆ ಮೂರು ಕಾಲಮ್ಮುಗಳಿದ್ದವು: ಪರೀಕ್ಷೆ, ಅರ್ಜಿ, ಸೀಟು. ಅವರು ನಾಲ್ಕನೆಯದನ್ನು ಎಳೆದು, ತಲೆಯಲ್ಲಿ "ಕುಳಿತರು" ಎಂದು ಬರೆದರು. ಈ ಕಾಲಮ್ಮು ತುಂಬುವವರೆಗೆ ಯಾರ ಫೈಲನ್ನೂ ಬೀರುವಿಗೆ ಸೇರಿಸುವಂತಿಲ್ಲ ಎಂದರು. ಆಮೇಲೆ ಪ್ರತಿ ಮಗುವಿಗೂ ಒಂದೊಂದು ಫೈಲ್ ಮಾಡಿದರು. ಮೊದಲ ಪುಟದಲ್ಲಿ ದಿನಾಂಕಗಳು. ಎರಡನೆಯದರಲ್ಲಿ ಆ ಮಗುವಿನ ಹೆಸರು ಯಾವ ದಾಖಲೆಯಲ್ಲಿ ಯಾವ ರೀತಿ ಬರೆದಿದೆ ಎಂಬ ವಿವರ. ಒಂದು ಕಡೆ ಇನಿಷಿಯಲ್ ಮೊದಲು, ಇನ್ನೊಂದು ಕಡೆ ಕೊನೆಯಲ್ಲಿ. ಒಂದರಲ್ಲಿ ಒತ್ತಕ್ಷರವಿದೆ, ಇನ್ನೊಂದರಲ್ಲಿಲ್ಲ. ಇಷ್ಟು ಸಣ್ಣದಕ್ಕೆ ಸೀಟು ತಪ್ಪಬಹುದೆ ಎಂದು ಹೊರಗಿನವರಿಗೆ ಅನ್ನಿಸೀತು. ತಪ್ಪುತ್ತದೆ. ಅದಕ್ಕೇ ಅಕ್ಕ ಪರೀಕ್ಷೆಗೆ ಆರು ತಿಂಗಳ ಮೊದಲೇ ಹೆಸರು ತಿದ್ದಿಸಲು ಮಕ್ಕಳನ್ನು ಓಡಿಸುತ್ತಾರೆ.

ಈಗ ಆ ರಾತ್ರಿಯ ವಿಷಯ.

ಸೀಟು ಖಚಿತಪಡಿಸಲು ಅಂದು ಕೊನೆಯ ದಿನ, ನಡುರಾತ್ರಿ ಹನ್ನೆರಡರವರೆಗೆ ಗಡುವು. ಆರು ಮಕ್ಕಳದು ಬಾಕಿಯಿತ್ತು. ನಾನು ಆಸ್ಪತ್ರೆಯ ಮಂಚದ ಮೇಲಿದ್ದೆ. ಎಲ್ಲರ ಪಾಸ್‌ವರ್ಡ್ ಬರೆದಿಟ್ಟ ಪುಸ್ತಕ ನನ್ನ ಮೇಜಿನ ಖಾನೆಯಲ್ಲಿ, ಖಾನೆಗೆ ಬೀಗ, ಬೀಗದ ಕೈ ಎಲ್ಲಿಟ್ಟಿದ್ದೇನೆಂಬುದು ನನಗೇ ನೆನಪಾಗುತ್ತಿಲ್ಲ. ಹತ್ತು ವರ್ಷ ನಡೆಸಿದ ಕೆಲಸವನ್ನು ಒಬ್ಬನ ತಲೆಯೊಳಗೆ, ಒಬ್ಬನ ಖಾನೆಯೊಳಗೆ ಇಟ್ಟುಕೊಂಡದ್ದು ನನ್ನ ತಪ್ಪು. ಇದನ್ನು ಎಲ್ಲರೆದುರು ಒಪ್ಪಿಕೊಳ್ಳುತ್ತೇನೆ. ಅಕ್ಕ ಫೋನ್ ಮಾಡಿ ಕೇಳಿದ್ದು ಒಂದೇ ಮಾತು: "ಬೀಗ ಒಡೆಸಲೆ?" ಒಡೆಸಿ ಎಂದೆ. ಆಮೇಲೆ ಒಂದು ಗಂಟೆ ಅವರ ಫೋನ್ ಇಲ್ಲ.

ಆ ಒಂದು ಗಂಟೆಯಲ್ಲಿ ನಾನು ಅತ್ತೆ. ನೋವಿಗಲ್ಲ. ಹತ್ತು ವರ್ಷ ಏನು ಮಾಡಿದೆ, ನಾನು ಬಿದ್ದ ಕೂಡಲೇ ಎಲ್ಲವೂ ಬೀಳುವುದಾದರೆ ಕಟ್ಟಿದ್ದಾದರೂ ಏನನ್ನು ಎಂದು. ಆ ಕಲನಶಾಸ್ತ್ರದ ಹುಡುಗನ ಮುಖ ಕಣ್ಣಿಂದ ಕದಲಲಿಲ್ಲ. ಅಂಥ ಇನ್ನೂ ಆರು ಮುಖಗಳನ್ನು ಹೊತ್ತು ಬದುಕಲಾರೆ ಎನಿಸಿತು. ಅಕ್ಕನ ಫೋನ್ ಮತ್ತೆ ಬಂದಾಗ ನನ್ನ ದನಿಯಿಂದಲೇ ಅವರಿಗೆ ಗೊತ್ತಾಯಿತು. "ಎಲ್ಲ ಹೋಯಿತು ಅಕ್ಕ" ಎಂದೆ.

ಅವರು ಸಮಾಧಾನ ಹೇಳಲಿಲ್ಲ. "ನೀನೇ ಮಕ್ಕಳಿಗೆ ಹೇಳುತ್ತೀಯಲ್ಲ ತಮ್ಮ, ಆ ಜರ್ಮನ್ ಮೇಷ್ಟರ ಕಥೆ, ಅದನ್ನು ಹೇಳು" ಎಂದರು. ನಡುವೆ ಮೂರು ವಾರ ತಪ್ಪಿಸಿಕೊಂಡು ಬಂದು "ಎಲ್ಲ ಮರೆತುಹೋಗಿದೆ ಸರ್" ಎಂದು ಅಳುವ ಮಕ್ಕಳಿಗೆ ನಾನು ಎಬಿಂಗ್‌ಹೌಸ್‌ನ ಕಥೆ ಹೇಳುವುದು ರೂಢಿ. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ತಾನೇ ಮರೆತು, ಮತ್ತೆ ಕಲಿಯಲು ಎಷ್ಟು ಹೊತ್ತು ಬೇಕೆಂದು ಅಳೆದು, 1885ರಲ್ಲಿ ಪ್ರಕಟಿಸಿದವನು ಆತ. ಒಂದು ದಿನ ಬಿಟ್ಟರೆ ಮೊದಲ ಸಲದ ಶ್ರಮದಲ್ಲಿ ಮೂರನೆಯ ಒಂದು ಪಾಲು ಮಾತ್ರ ಉಳಿತಾಯ. ಆದರೆ 31 ದಿನ ಬಿಟ್ಟರೂ ಐದನೆಯ ಒಂದು ಪಾಲಿನಷ್ಟು ಉಳಿದೇ ಇರುತ್ತದೆ. ಪೂರ್ತಿ ಮರೆತೆ ಎಂದುಕೊಂಡವನಿಗೂ ಮತ್ತೆ ಕಲಿಯಲು ಮೊದಲಿಗಿಂತ ಕಡಿಮೆ ಹೊತ್ತು ಸಾಕು. ಮಂಚದ ಮೇಲೆ ಮಲಗಿ, ತಡವರಿಸುತ್ತ, ನಾನು ಅದನ್ನು ಅಕ್ಕನಿಗೆ ಹೇಳಿದೆ. ಎಲ್ಲ ಕೇಳಿಸಿಕೊಂಡು, "ಐದರಲ್ಲಿ ಒಂದು ಪಾಲು ಉಳಿದರೆ ನನಗೆ ಸಾಕು. ಈಗ ಮಲಗು. ನಾಲ್ವರದು ಆಯಿತು" ಎಂದರು.

ಐದನೆಯವನ ಒಟಿಪಿ ಅವನ ತಂದೆಯ ಫೋನಿಗೆ ಹೋಗುತ್ತಿತ್ತು. ತಂದೆ ದೂರದಲ್ಲೆಲ್ಲೋ ಕೆಲಸದಲ್ಲಿದ್ದರು, ಫೋನ್ ಆಫ್. ಅವರ ಜೊತೆ ಕೆಲಸ ಮಾಡುವವರ ನಂಬರನ್ನು ಒಬ್ಬರಿಂದ ಒಬ್ಬರಿಗೆ ಹುಡುಕುತ್ತ ಹೋಗಿ, ಅವರನ್ನು ನಿದ್ದೆಯಿಂದ ಎಬ್ಬಿಸಿ, ಆ ಆರು ಅಂಕಿಗಳನ್ನು ತರಿಸಿಕೊಂಡಾಗ ಗಂಟೆ ಹನ್ನೊಂದೂಕಾಲು.

ಆರನೆಯವಳು ಬೇಡವೆಂದಳು. ಮನೆಯಲ್ಲಿ ತಾಯಿಗೆ ಆಸರೆಯಿಲ್ಲ, ತಮ್ಮಂದಿರು ಚಿಕ್ಕವರು, ಕಾಲೇಜು ದೂರ. ಅವಳ ಕಾರಣಗಳಲ್ಲಿ ಒಂದೂ ಸುಳ್ಳಲ್ಲ. ನಾನಾಗಿದ್ದರೆ ಆ ಹೊತ್ತಿನಲ್ಲಿ ಭಾಷಣ ಮಾಡುತ್ತಿದ್ದೆ. ಓದಿನ ಮಹತ್ವ, ಅವಳ ಅಂಕ, ನಮ್ಮೆಲ್ಲರ ಆಸೆ ಎಲ್ಲವನ್ನೂ ಅವಳ ತಲೆಯ ಮೇಲೆ ಹೇರುತ್ತಿದ್ದೆ. ಅಕ್ಕ ಅವಳ ಮನೆಗೆ ಹೋದರು. ಬಾಗಿಲಲ್ಲಿ ಕುಳಿತು, "ಬೇಡ ಎನ್ನುವ ಹಕ್ಕು ನಾಳೆಯೂ ನಿನ್ನದೇ ಮಗಳೇ. ಈ ದಿನಾಂಕ ನಾಳೆ ಇರುವುದಿಲ್ಲ. ಇವತ್ತು ಇಷ್ಟು ಒತ್ತಿಬಿಡು, ನಾಳೆ ಬೇಡವೆನ್ನುವುದಾದರೆ ಆ ಅರ್ಜಿಯನ್ನೂ ನಾನೇ ಬರೆದುಕೊಡುತ್ತೇನೆ" ಎಂದರಂತೆ. ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ಅವಳು ಒತ್ತಿದಳು. ಅಕ್ಕ ಅಲ್ಲಿಂದ ಎದ್ದು ಬರಲಿಲ್ಲ. ಬೆಳಗಿನವರೆಗೂ ಆ ತಾಯಿಯ ಜೊತೆ ಕುಳಿತು, ವಿದ್ಯಾರ್ಥಿವೇತನ ಯಾವಾಗ ಬರುತ್ತದೆ, ಅದು ಬರುವವರೆಗೆ ಖರ್ಚಿಗೇನು ದಾರಿ, ತಿಂಗಳಿಗೆ ಎಷ್ಟು ಸಲ ಮಗಳು ಮನೆಗೆ ಬರಬಹುದು ಎಂದು ಒಂದೊಂದನ್ನೇ ಕಾಗದದಲ್ಲಿ ಬರೆದು ಲೆಕ್ಕ ಹಾಕಿದರು. ತಾಯಿಗೆ ಭಯವಿದ್ದದ್ದು ಓದಿನ ಬಗ್ಗೆ ಅಲ್ಲ, ತಿಳಿಯದ ಲೆಕ್ಕದ ಬಗ್ಗೆ.

ನಿನ್ನೆ ಸಂಜೆ ಫೋನ್ ಮಾಡಿದವಳು ಅವಳೇ.

ಅಕ್ಕ, ನಿಮಗೆ ಕೃತಜ್ಞತೆ ಹೇಳಲು ಬಂದಾಗಲೆಲ್ಲ ನೀವು ಮಾತು ತಿರುಗಿಸಿ ಯಾವುದಾದರೂ ಫೈಲಿನ ವಿಷಯ ಎತ್ತುತ್ತೀರಿ. ಅದಕ್ಕೇ ಬರೆದೆ. ನಾನು ಮಕ್ಕಳಿಗೆ ಕಾಲೇಜನ್ನು ದೂರದಿಂದ ತೋರಿಸುತ್ತಿದ್ದೆ. ನೀವು ಅವರ ಜೊತೆ ಬಾಗಿಲವರೆಗೆ ನಡೆದಿರಿ. ಪಾಸ್‌ವರ್ಡ್ ಪುಸ್ತಕ ಈಗ ಮೂವರ ಬಳಿ ಇದೆ. ಖಾನೆಗೆ ಹೊಸ ಬೀಗ ಹಾಕಿಸಿಲ್ಲ, ಹಾಕಿಸುವುದಿಲ್ಲ. ಈ ವರ್ಷದಿಂದ ಹಾಸ್ಟೆಲ್ ಮತ್ತು ವಿದ್ಯಾರ್ಥಿವೇತನದ ದಿನಾಂಕಗಳನ್ನೂ ಪಟ್ಟಿಗೆ ಸೇರಿಸಿದ್ದೇವೆ. ಅಕ್ಷರ ನಿಮ್ಮದೇ ಆಗಬೇಕೆಂದು ಮಕ್ಕಳು ಜಾಗ ಖಾಲಿ ಬಿಟ್ಟಿದ್ದಾರೆ, ಬಂದು ಬರೆಯಿರಿ.

ಮತ್ತು ನೀನು, ಆರು ವರ್ಷಗಳ ಹಿಂದಿನ ತಂಡದ ಹುಡುಗ. ಇದು ಯಾರ ಮೂಲಕವಾದರೂ ನಿನಗೆ ತಲುಪಲಿ ಎಂದು ಬರೆಯುತ್ತಿದ್ದೇನೆ. ಅಂದು ಫೋಟೊ ತೆಗೆದು ನಿನ್ನನ್ನು ಮರೆತದ್ದಕ್ಕೆ ನನ್ನನ್ನು ಕ್ಷಮಿಸು. ನಾಲ್ಕನೆಯ ಕಾಲಮ್ಮು ತುಂಬದ ಕಾರಣ ನಿನ್ನ ಫೈಲನ್ನು ಅಕ್ಕ ಇಂದಿಗೂ ಬೀರುವಿಗೆ ಸೇರಿಸಿಲ್ಲ. ಅವರ ಮೇಜಿನ ಮೇಲೇ ಇದೆ, ಅಂಕಪಟ್ಟಿಯ ಪ್ರತಿಗಳೂ ಅದರಲ್ಲಿವೆ. ದುಡಿಯುತ್ತಲೇ ಓದಬಹುದಾದ ಕೋರ್ಸುಗಳಲ್ಲಿ ನಿನಗೆ ಒಪ್ಪುವ ಮೂರನ್ನು ಗುರುತಿಸಿ ಮೊದಲ ಪುಟಕ್ಕೆ ಪಿನ್ ಮಾಡಿದ್ದಾರೆ. ಸಂಜೆ ಆರರ ನಂತರ ಅವರು ಕೋಣೆಯಲ್ಲಿರುತ್ತಾರೆ.