ಡಿಟಿಪಿ ಅಕ್ಕನಿಗೆ, ಮತ್ತು ಉಳಿದ ಎಲ್ಲರಿಗೂ

ಅಂತೂ ಇಂತೂ ಪಿಎಚ್‌ಡಿ ಮುಗಿಯಿತು. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಕೂತು ಬೆಂಗಳೂರು ವಿಶ್ವವಿದ್ಯಾಲಯದ ಚರಿತ್ರೆಯನ್ನೇ ಬರೀತೀನಿ ಅಂದಾಗ "ಅದರಲ್ಲೇನಿದೆ ಬರೆಯೋಕೆ?" ಅಂತ ನಕ್ಕವರೂ ವೈವಾ ದಿನ ಬಂದು ಚಪ್ಪಾಳೆ ತಟ್ಟಿದಿರಿ. ಎಷ್ಟು ಅಧ್ಯಾಯ, ಎಲ್ಲಿ ಸಿಕ್ಕಿಹಾಕಿಕೊಂಡೆ ಅನ್ನೋ ಪುರಾಣ ನಿಮಗೆಲ್ಲ ಬಾಯಿಪಾಠ ಆಗಿದೆ. ಮತ್ತೆ ಶುರು ಮಾಡಲ್ಲ, ಹೆದರಬೇಡಿ.

ಗೈಡ್ ಮೇಡಂ, ಲೈಬ್ರರಿಯಲ್ಲಿ ಹಳೆಯ ವರದಿಗಳ ಧೂಳು ಕೊಡವಿ ತೆಗೆದುಕೊಟ್ಟವರು, ಹಾಸ್ಟೆಲ್ ಗೆಳತಿಯರು, ಜ್ಞಾನಭಾರತಿ ಮೆಟ್ರೋ ಸ್ಟೇಷನ್ನಿನಿಂದ ಸ್ಕೂಟಿಯಲ್ಲಿ ಡ್ರಾಪ್ ಕೊಟ್ಟ ಜೂನಿಯರ್‌ಗಳು, ಎಲ್ಲರ ಋಣವೂ ನನ್ನ ಮೇಲಿದೆ. ಸಾವಿರ ಎಕರೆಗೂ ಮೀರಿದ ಆ ಕ್ಯಾಂಪಸ್ಸಿನಲ್ಲಿ ಮಟಮಟ ಮಧ್ಯಾಹ್ನ ನಡೆದವರಿಗೆ ಡ್ರಾಪಿನ ಬೆಲೆ ಗೊತ್ತು.

ಆದರೆ ಇವತ್ತು ಹೇಳಬೇಕಿರುವುದು ಡಿಟಿಪಿ ಅಕ್ಕನ ವಿಷಯ.

ನಾಗರಭಾವಿ ಕಡೆ ಒಂದು ಸಣ್ಣ ಅಂಗಡಿ. ಎರಡು ಕಂಪ್ಯೂಟರ್, ಒಂದು ಜೆರಾಕ್ಸ್ ಮಷಿನ್, ಗೋಡೆಗೆ ಒರಗಿಸಿದ ರೆಕ್ಸಿನ್ ಬೈಂಡಿಂಗ್ ಸ್ಯಾಂಪಲ್‌ಗಳು. ಅಕ್ಕನಿಗೆ ಅರ್ಥವಾಗದ ಸಾಲನ್ನು ಟೈಪ್ ಮಾಡುವ ಅಭ್ಯಾಸವಿಲ್ಲ. ಕೈ ನಿಲ್ಲಿಸಿ ಕೇಳುತ್ತಾರೆ. ಸೆಂಟ್ರಲ್ ಕಾಲೇಜಿನ ಅಧ್ಯಾಯದಲ್ಲಿ ಹಾಗೇ ನಿಂತರು. 1858ರಷ್ಟು ಹಳೆಯದು, ವಿಶ್ವೇಶ್ವರಯ್ಯ, ರಾಜಾಜಿ ಓದಿದ ಕಾಲೇಜು. ಮೊದಲು ಮದ್ರಾಸ್ ವಿಶ್ವವಿದ್ಯಾಲಯದ ಕೆಳಗಿತ್ತು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಬಂತು, ಅದಕ್ಕೆ ಸೇರಿತು. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಹುಟ್ಟಿತು, ಇದಕ್ಕೆ ಬಂತು. 2017ರಲ್ಲಿ ಇದನ್ನೂ ಮೂರು ಭಾಗ ಮಾಡಿದಾಗ ಬೆಂಗಳೂರು ಕೇಂದ್ರ ವಿಶ್ವವಿದ್ಯಾಲಯದ ಪಾಲಾಯಿತು. ಅಕ್ಕ ಕೇಳಿಸಿಕೊಂಡು, "ಏನಮ್ಮ ಇದು, ಒಬ್ಬಳೇ ಹುಡುಗಿಗೆ ನಾಲ್ಕು ಅತ್ತೆಮನೆನಾ?" ಅಂದರು. ನನ್ನ ಇಡೀ ಅಧ್ಯಾಯಕ್ಕಿಂತ ಅದೇ ಚೆನ್ನಾಗಿತ್ತು.

ಥೀಸಿಸ್ ಸಲ್ಲಿಸುವ ಹಿಂದಿನ ರಾತ್ರಿ 'ನುಡಿ' ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿದ್ದ ಫೈಲನ್ನು ಯೂನಿಕೋಡ್‌ಗೆ ಬದಲಾಯಿಸಿದೆವು. ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿ. ಅರ್ಕಾವತ್ತು ಪಕ್ಕದ ಅಕ್ಷರದ ತಲೆ ಮೇಲೆ ಹೋಗಿ ಕೂತಿತ್ತು. ಅಡಿಟಿಪ್ಪಣಿಯ ನಂಬರ್‌ಗಳು ಒಂದೂ ಸರಿ ಇರಲಿಲ್ಲ. ಅಕ್ಕ ಶಟರ್ ಅರ್ಧ ಎಳೆದು, ಮನೆಗೆ ಫೋನ್ ಮಾಡಿ "ಅನ್ನ ಇದೆ, ಸಾರು ಬಿಸಿ ಮಾಡ್ಕೊಳ್ಳಿ" ಅಂತ ಹೇಳಿ, ಮೊದಲ ಪುಟದಿಂದ ಕೂತರು. ನಾನು ಓದುವುದು, ಅವರು ತಿದ್ದುವುದು. ನಡುವೆ ಕರೆಂಟ್ ಹೋಗಿ ಯುಪಿಎಸ್ ಕೀಂಯ್ ಅಂದಾಗ ಇಬ್ಬರೂ ಒಟ್ಟಿಗೆ "ಸೇವ್!" ಅಂತ ಕೂಗಿದ್ದೂ ಆಯಿತು.

ಕೊನೆಗೆ ಕೃತಜ್ಞತೆಯ ಪುಟ ಬಂತು. 'ಮೊದಲ ಪ್ರತಿ ಅಪ್ಪನಿಗೆ, ಓದಿ ತಪ್ಪು ಹುಡುಕಲಿ' ಅಂತ ಬರೆದಿದ್ದೆ. ಬರೆದಾಗ ಅಪ್ಪ ಇದ್ದರು. ಅಕ್ಕನ ಕೈ ನಿಂತಿತು. "ಈ ಸಾಲು ಏನ್ಮಾಡ್ಲಮ್ಮ?"

ತಿಥಿಯ ದಿನವೂ ಅಳದವಳು ಅವತ್ತು ಅತ್ತೆ. ಜೆರಾಕ್ಸ್ ಮಷಿನ್ನಿಗೆ ತಲೆ ಕೊಟ್ಟು ಅತ್ತೆ. ಅಪ್ಪನ ಮೇಲೆ ಸಿಟ್ಟೂ ಬಂದಿತ್ತು. ಇನ್ನು ಸ್ವಲ್ಪ ದಿನ ತಡೀಬಾರದಿತ್ತಾ? ಅಕ್ಕ ಸಮಾಧಾನ ಹೇಳಲಿಲ್ಲ, ದೇವರಿದ್ದಾನೆ ಅನ್ನಲಿಲ್ಲ. ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಪಕ್ಕದಲ್ಲಿಟ್ಟು, "ನಿಮ್ಮಪ್ಪ ಅಲ್ಲೇ ಓದಿದ್ರು ಅಂದಿದ್ದೆ ಅಲ್ವಾ, ಹೇಳು" ಅಂದರು.

ಹೇಳಿದೆ. ಅಪ್ಪ ಎಪ್ಪತ್ತರ ದಶಕದಲ್ಲಿ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಎಂಎಸ್ಸಿ ಮಾಡಿದವರು. ಜ್ಞಾನಭಾರತಿಯ ಹೊಸ ಕ್ಯಾಂಪಸ್ಸಿಗೆ ವಿಭಾಗಗಳು ಒಂದೊಂದಾಗಿ ಹೋಗಲು ಶುರುವಾಗಿದ್ದ ಕಾಲ. ಎಚ್. ನರಸಿಂಹಯ್ಯ ಕುಲಪತಿ. ಖಾದಿ ಬಟ್ಟೆ, ಗಾಂಧಿ ಟೋಪಿ, ಪಾಠ ಹೇಳುತ್ತಿದ್ದದ್ದು ಭೌತಶಾಸ್ತ್ರ. 1976ರಲ್ಲಿ ಪವಾಡಗಳನ್ನು ಪರೀಕ್ಷೆ ಮಾಡೋಕೆ ಸಮಿತಿ ಮಾಡಿ, ಪುಟ್ಟಪರ್ತಿಯ ಸಾಯಿಬಾಬಾಗೇ ಪತ್ರ ಬರೆದರು. ಮನೆಯಲ್ಲಿ ಬಾಬಾ ಫೋಟೋ ಇಟ್ಟುಕೊಂಡಿದ್ದ ಅಪ್ಪನಿಗೆ ಆಗ ದೊಡ್ಡ ಧರ್ಮಸಂಕಟವಂತೆ. ರಾತ್ರಿ ಊಟಕ್ಕೆ ಕೂತಾಗಲೆಲ್ಲ ಈ ಕಥೆ. ನನ್ನ ಥೀಸಿಸ್ ಹುಟ್ಟಿದ್ದು ಅಲ್ಲಿ, ಯಾವ ಲೈಬ್ರರಿಯಲ್ಲೂ ಅಲ್ಲ.

ಅಕ್ಕ ಪೂರ್ತಿ ಕೇಳಿಸಿಕೊಂಡರು. "ಸಾಲು ಹಾಗೇ ಇರ್ಲಿ. ತಪ್ಪು ನಾವು ಹುಡುಕೋಣ" ಅಂತ ಮತ್ತೆ ಮೌಸ್ ಹಿಡಿದರು. ಬೆಳಗ್ಗೆ ಹಾಲಿನ ಗಾಡಿ ಬರುವ ಹೊತ್ತಿಗೆ ಪ್ರಿಂಟ್ ಶುರುವಾಯಿತು. ಬೈಂಡಿಂಗ್‌ನವರನ್ನು ಎಬ್ಬಿಸಿ, ಬೈದು, ಮಧ್ಯಾಹ್ನದೊಳಗೆ ಪ್ರತಿಗಳನ್ನು ಕೈಗಿಟ್ಟದ್ದೂ ಅವರೇ. ರಾತ್ರಿ ಕೆಲಸದ ದುಡ್ಡು ಎಷ್ಟಾಯ್ತು ಅಂತ ನಾನು ಕೇಳಿದ್ದಕ್ಕೆ ಬರೀ ಪೇಪರಿನ ಲೆಕ್ಕ ಕೊಟ್ಟರು.

ವೈವಾದಲ್ಲಿ ಹೊರಗಿನಿಂದ ಬಂದಿದ್ದ ಪರೀಕ್ಷಕರು "ಅಚ್ಚುಕಟ್ಟಾಗಿದೆ, ಕಾಗುಣಿತ ಒಂದೂ ತಪ್ಪಿಲ್ಲ" ಅಂದರು. ಆ ಮಾತು ಸೇರಬೇಕಾದವರು ಹಾಲ್‌ನಲ್ಲಿ ಇರಲಿಲ್ಲ. ಅದಕ್ಕೇ ಇಲ್ಲಿ ಎಲ್ಲರೆದುರು ಹೇಳ್ತಿದ್ದೀನಿ.

ಅಮ್ಮ ಅಕ್ಕನಿಗೆಂದು ಸೀರೆ ತೆಗೆದಿಟ್ಟಿದ್ದಾರೆ. ಅಂಗಡಿಗೆ ಒಂದಿನ ರಜೆ ಹಾಕಿ ಊಟಕ್ಕೆ ಬನ್ನಿ ಅಂದರೆ ಒಪ್ಪುತ್ತಿಲ್ಲ, ಈಗ ಪ್ರಾಜೆಕ್ಟ್ ರಿಪೋರ್ಟ್ ಸೀಸನ್ ಅಂತೆ. ಭಾನುವಾರ ನಾವೇ ಬುತ್ತಿ ಕಟ್ಟಿಕೊಂಡು ಅಂಗಡಿಗೆ ಹೋಗ್ತೀವಿ. ಬರುವವರು ಬನ್ನಿ, ಜಾಗ ಮಾತ್ರ ಕಮ್ಮಿ.