ಪಟದ ಹಿಂದೆ ಬರೆದವರ ಹೆಸರಿರಲಿ

ಮಾನ್ಯ ಸಂಪಾದಕರೇ,

ಮೈಸೂರು, ಮಂಡ್ಯದ ಹಾಸ್ಟೆಲುಗಳಲ್ಲಿ, ಛತ್ರಗಳಲ್ಲಿ, ಸಹಕಾರ ಸಂಘಗಳಲ್ಲಿ, ಹಳೇ ಶಾಲೆಗಳ ಹೆಡ್‌ಮಾಸ್ಟರ ಕೋಣೆಯಲ್ಲಿ ದಾನಿಗಳ, ಸ್ಥಾಪಕರ ತೈಲವರ್ಣದ ಪಟಗಳಿವೆ. ಕೆಳಗೆ ಹಿತ್ತಾಳೆ ತಗಡಿನಲ್ಲಿ ಅವರ ಹೆಸರು, ಹುಟ್ಟಿದ ಇಸವಿ, ತೀರಿಕೊಂಡ ಇಸವಿ ಇರುತ್ತದೆ. ಪಟ ಬರೆದವರ ಹೆಸರು ಕಾಣುವುದು ಅಪರೂಪ. ಆ ಹೆಸರು ಗೊತ್ತಿರುವ ಒಬ್ಬಿಬ್ಬರಾದರೂ ಬದುಕಿರುವಾಗಲೇ ಅದನ್ನು ಬರೆದಿಟ್ಟುಕೊಳ್ಳಿ ಎಂದು ಕೇಳಿಕೊಳ್ಳುವುದಕ್ಕೆ ಈ ಪತ್ರ.

ನಮ್ಮ ತಂದೆ ಮೈಸೂರಿನ ಅಗ್ರಹಾರದ ಬಾಡಿಗೆ ಮನೆಯೊಂದರ ನಡುಮನೆಯಲ್ಲಿ ಮೂವತ್ತು ವರ್ಷ ಭಾವಚಿತ್ರ ಬರೆದರು. ಎದುರಿಗೆ ಕೂರಿಸಿಕೊಂಡು ಬರೆದದ್ದು ಕಡಿಮೆ. ಹೆಚ್ಚಿನವರು ತರುತ್ತಿದ್ದುದು ತೀರಿಕೊಂಡವರ ಒಂದೇ ಒಂದು ಕಪ್ಪು-ಬಿಳುಪು ಫೋಟೋ. ಅದರ ಮೇಲೆ ಪೆನ್ಸಿಲಿನಲ್ಲಿ ಚೌಕ ಹಾಕಿ, ಕ್ಯಾನ್ವಾಸಿನ ಮೇಲೂ ಅಷ್ಟೇ ಚೌಕಗಳನ್ನು ದೊಡ್ಡದಾಗಿ ಎಳೆದು ಮುಖ ಇಳಿಸುತ್ತಿದ್ದರು. ಮೈಬಣ್ಣ ಹೇಗಿತ್ತು, ಓಲೆ ಬಿಳಿಕಲ್ಲಿನದೋ ಕೆಂಪಿನದೋ, ನಗುವಾಗ ಯಾವ ಕಡೆ ಕೆನ್ನೆ ಮೇಲೇಳುತ್ತಿತ್ತು ಎಂದು ಮನೆಯವರನ್ನು ಗಂಟೆಗಟ್ಟಲೆ ಕೂರಿಸಿಕೊಂಡು ಕೇಳುತ್ತಿದ್ದರು. ಉತ್ತರ ಹೇಳುತ್ತಾ ಹೇಳುತ್ತಾ ಎಷ್ಟೋ ಹೆಂಗಸರು ಅತ್ತಿದ್ದನ್ನು ನೋಡಿದ್ದೇನೆ. ಸೀರೆಯನ್ನೋ ಸರಿಗೆ ಪೇಟವನ್ನೋ ಅವರೇ ಪಂಚೆಯಲ್ಲಿ ಸುತ್ತಿ ತಂದುಕೊಡುತ್ತಿದ್ದರು. ಪಟ ಮುಗಿಯುವ ತನಕ ಅದು ನಮ್ಮ ಮನೆಯ ಕುರ್ಚಿಯ ಮೇಲೆ ಇರುತ್ತಿತ್ತು.

ಹನ್ನೆರಡನೇ ವಯಸ್ಸಿನಿಂದ ಆ ಸರಿಗೆ ಬರೆಯುವ ಕೆಲಸ ನನ್ನದಾಯಿತು. ಚಿನ್ನದ ಬಣ್ಣದ ಡಬ್ಬಿಯನ್ನು ಅಪ್ಪ ಮನೆಯೊಳಕ್ಕೇ ಬಿಟ್ಟುಕೊಳ್ಳಲಿಲ್ಲ. ಯೆಲ್ಲೋ ಓಕರ್ ಹಚ್ಚಿ, ನೆರಳಿಗೆ ಕಂದು ಕೊಟ್ಟು, ಒಣಗಿದ ಮೇಲೆ ಹಳದಿಗೆ ಬಿಳಿ ಬೆರೆಸಿ ಸಣ್ಣ ಬ್ರಷ್ಷಿನ ತುದಿಯಲ್ಲಿ ಚುಕ್ಕೆ ಇಡಬೇಕು. ಎಲ್ಲ ಕಡೆ ಇಟ್ಟರೆ ಹೊಳೆಯುವುದಿಲ್ಲ, ಬೆಳಕು ಬೀಳುವ ಮಡಿಕೆಯಲ್ಲಿ ಮಾತ್ರ ಇಡಬೇಕು. ಅದನ್ನು ಕಲಿಸಲು ಅಪ್ಪ ನನ್ನನ್ನು ಅರಮನೆಗೆ ಕರೆದುಕೊಂಡು ಹೋಗುತ್ತಿದ್ದರು. ಕಲ್ಯಾಣಮಂಟಪದ ಗೋಡೆಗಳಲ್ಲಿ ದಸರಾ ಮೆರವಣಿಗೆಯ 26 ಚಿತ್ರಗಳಿವೆಯಲ್ಲ, ಅವುಗಳ ಮುಂದೆ ನಿಲ್ಲಿಸಿ ಒಂದೊಂದು ಪೇಟ, ಒಂದೊಂದು ಆನೆಯ ಝೂಲು ತೋರಿಸುತ್ತಿದ್ದರು. ಬರೆದ ಕಲಾವಿದರ ಹೆಸರುಗಳನ್ನು ನನ್ನ ಬಾಯಲ್ಲಿ ಹೇಳಿಸಿ ಆಮೇಲೆಯೇ ಮುಂದಿನ ಚಿತ್ರಕ್ಕೆ ಹೋಗುವುದು.

ಫೋಟೋಗಳಲ್ಲಿ ಹಿನ್ನೆಲೆ ಸರಿಯಾಗಿ ಇರುತ್ತಿರಲಿಲ್ಲ. ಅದಕ್ಕೆಂದು ಅಪ್ಪ ಒಂದು ಪರದೆ ಇಟ್ಟುಕೊಂಡಿದ್ದರು. ಮರೂನ್ ಬಣ್ಣದ ಮಖಮಲ್ಲು, ಅಂಚಿನುದ್ದಕ್ಕೂ ಹಳದಿ ರೇಷ್ಮೆಯ ಕುಚ್ಚು. ವಕೀಲರಾಗಲಿ, ಸಕ್ಕರೆ ಕಾರ್ಖಾನೆಯ ಅಧಿಕಾರಿಗಳಾಗಲಿ, ಮಂಡ್ಯದ ಕಡೆಯ ಪಟೇಲರಾಗಲಿ, ಎಲ್ಲರ ಹಿಂದೆಯೂ ಅದೇ ಪರದೆ. 1968ರಲ್ಲಿ, ನನಗೆ ಒಂಬತ್ತು ವರ್ಷ, ಬಟ್ಟೆ ಗೊಂಬೆಗೆ ಜಡೆ ಬೇಕೆಂದು ಬಲಗಡೆಯ ಅಂಚಿನಲ್ಲಿ ಮೇಲಿನಿಂದ ಮೂರನೆಯ ಕುಚ್ಚನ್ನು ಕತ್ತರಿಸಿಬಿಟ್ಟೆ. ಅಮ್ಮ ಹೊಡೆದರು. ಅಪ್ಪ ಬೈಯಲೂ ಇಲ್ಲ. ಆದರೆ ಅಲ್ಲಿಂದಾಚೆಗೆ ಬರೆದ ಪಟಗಳಲ್ಲೆಲ್ಲ ಆ ಜಾಗ ಖಾಲಿ. “ಇಲ್ಲದ್ದನ್ನ ಹೇಗಮ್ಮ ಬರೀಲಿ” ಅಂದರು.

ಮೂರು ವರ್ಷದ ಹಿಂದೆ ನೆಂಟರ ಹುಡುಗನನ್ನು ಸೇರಿಸಲೆಂದು ಮೈಸೂರಿನ ಒಂದು ವಿದ್ಯಾರ್ಥಿನಿಲಯಕ್ಕೆ ಹೋಗಿದ್ದೆ. ಸಭಾಂಗಣದಲ್ಲಿ ದಾನಿಗಳ ಪಟ ನೋಡಿದ ಕೂಡಲೇ ನಮ್ಮ ಮನೆಯ ಪರದೆ ಗುರುತು ಸಿಕ್ಕಿತು. ಮೂರನೆಯ ಕುಚ್ಚು ಇರಲಿಲ್ಲ. ಅವರ ಪೇಟದ ಸರಿಗೆ ನಾನೇ ಬರೆದದ್ದು. ಅಪ್ಪ ಯಾವಾಗಲೂ ಬಲಗಡೆ ಕೆಳಮೂಲೆಯಲ್ಲಿ ಕೆಂಪು ಬಣ್ಣದಲ್ಲಿ ಹೆಸರು, ಇಸವಿ ಹಾಕುತ್ತಿದ್ದರು. ಹತ್ತಿರ ಹೋಗಿ ನೋಡಿದರೆ ಆ ಮೂಲೆಯೇ ಇಲ್ಲ. ಹೊಸ ಕಟ್ಟು ಹಾಕಿಸುವಾಗ ಕ್ಯಾನ್ವಾಸನ್ನು ಕೆಳಗಡೆ ಎರಡು ಅಂಗುಲ ಕತ್ತರಿಸಿದ್ದರು. ಕಚೇರಿಯಲ್ಲಿ ಕೇಳಿದೆ. “ಹಳೇ ಕಟ್ಟಿಗೆ ಗೆದ್ದಲು ಹಿಡಿದಿತ್ತಮ್ಮ. ಹೊಸ ಕಟ್ಟಿನ ಅಳತೆಗೆ ಸ್ವಲ್ಪ ಜಾಸ್ತಿ ಬಂತು. ಯಜಮಾನರ ಮುಖಕ್ಕೇನೂ ಆಗಿಲ್ಲ ನೋಡಿ” ಅಂದರು. ಬರೆದವರು ಯಾರು ಅಂತ ಗೊತ್ತೇ ಎಂದು ಕೇಳಿದೆ. “ಯಾರೋ ಆರ್ಟಿಸ್ಟು” ಅಂದರು. ಅವರು ಕೆಟ್ಟವರಲ್ಲ. ಪಟವನ್ನು ಎಸೆಯದೆ ಉಳಿಸಿಕೊಂಡಿದ್ದಾರೆ, ದಿನಾ ಹೂ ಹಾಕುತ್ತಾರೆ. ಆದರೂ ಅವತ್ತು ಮನೆಗೆ ಬಂದು ನನಗೆ ಊಟ ಸೇರಲಿಲ್ಲ.

ಹೋದ ವರ್ಷ ಲಂಡನ್ನಿನಲ್ಲಿರುವ ಮಗನ ಮನೆಗೆ ಹೋಗಿದ್ದಾಗ ಅವನು ಹ್ಯಾಂಪ್‌ಸ್ಟೆಡ್‌ನ ಕೆನ್‌ವುಡ್ ಹೌಸ್ ಎಂಬ ಹಳೆಯ ಬಂಗಲೆಗೆ ಕರೆದುಕೊಂಡು ಹೋದ. ಅಲ್ಲಿ ರೆಂಬ್ರಾಂಟ್ ತನ್ನದೇ ಮುಖ ಬರೆದುಕೊಂಡ ಚಿತ್ರವಿದೆ, ವರ್ಮೀರನ ಚಿತ್ರವಿದೆ, ಜನ ಬರುವುದು ಅವಕ್ಕೆ. ನಾನು ಮಾತ್ರ ಮಹಡಿಯ ಮೇಲಿನ ಒಂಬತ್ತು ಆಳೆತ್ತರದ ಪಟಗಳ ಮುಂದೆ ನಿಂತುಬಿಟ್ಟೆ. ವಿಲಿಯಂ ಲಾರ್ಕಿನ್ ಎಂಬ ಚಿತ್ರಗಾರ ಬರೆದದ್ದು. ಇಂಗ್ಲೆಂಡನ್ನು ಒಂದನೇ ಜೇಮ್ಸ್ ಆಳುತ್ತಿದ್ದ ಕಾಲ. ನಮ್ಮಲ್ಲಿ ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣ ಹಿಡಿದು ದಸರಾ ಶುರುಮಾಡಿದರಲ್ಲ, ಹೆಚ್ಚುಕಡಿಮೆ ಆ ವರ್ಷಗಳವೇ ಈ ಪಟಗಳು. ಒಂದೊಂದರಲ್ಲೂ ಒಬ್ಬೊಬ್ಬ ಶ್ರೀಮಂತ ಮನೆತನದ ಗಂಡಸೋ ಹೆಂಗಸೋ ನಿಂತಿದ್ದಾರೆ. ಕಾಲಡಿಯಲ್ಲಿ ಟರ್ಕಿಯ ರತ್ನಗಂಬಳಿ. ಎರಡು ಪಕ್ಕದಲ್ಲೂ ಸರಿಸಿ ಬಿಟ್ಟ ರೇಷ್ಮೆ ಪರದೆ, ಅಂಚಿಗೆ ಚಿನ್ನದ ಕುಚ್ಚು. ಪರದೆಯ ಮಡಿಕೆಗಳು ತಗಡು ಬಗ್ಗಿಸಿದ ಹಾಗೆ ಗಡುಸಾಗಿ ಮಿಂಚುತ್ತವೆ. ಮುಖಗಳಲ್ಲಿ ನೆರಳೇ ಇಲ್ಲ, ಮೊಟ್ಟೆಯ ಸಿಪ್ಪೆಯಷ್ಟು ನುಣುಪು. ಲೇಸಿನ ಒಂದೊಂದು ಕಣ್ಣನ್ನೂ ಬಿಡದೆ ಬರೆದಿದ್ದಾನೆ.

ಡಾರ್ಸೆಟ್ಟಿನ ಮೂರನೇ ಅರ್ಲ್ ರಿಚರ್ಡ್ ಸ್ಯಾಕ್‌ವಿಲ್ ಎಂಬಾತನ ಪಟ 1613ರದು. ಆಗ ಅವನಿಗೆ ಇಪ್ಪತ್ತನಾಲ್ಕು ವರ್ಷ. ಕಾಲುಚೀಲಕ್ಕೂ ಕಸೂತಿ, ಬೂಟಿನ ಮೇಲೆ ಡೇರೆ ಹೂವಿನಷ್ಟು ದೊಡ್ಡ ಗೊಂಡೆ. ಆತನ ಉಡುಪುಗಳ ಪಟ್ಟಿಯೊಂದು ಉಳಿದುಕೊಂಡಿದೆಯಂತೆ, ಪಟದಲ್ಲಿರುವ ಬಟ್ಟೆಯನ್ನು ಆ ಪಟ್ಟಿಯಲ್ಲಿ ಗುರುತಿಸಬಹುದಂತೆ. ಅದನ್ನು ತಿಳಿದಾಗ ನಮ್ಮ ಮನೆಯ ಕುರ್ಚಿಯ ಮೇಲಿದ್ದ ಪೇಟಗಳು ಕಣ್ಣಿಗೆ ಕಟ್ಟಿದವು. ಜಮೀನು ಮಾರಿ, ಸಾಲ ಮಾಡಿ, ಮೂವತ್ತೈದಕ್ಕೇ ತೀರಿಕೊಂಡ. ಅವನ ಹೆಂಡತಿ ಆ್ಯನ್ ಕ್ಲಿಫರ್ಡ್ ತಂದೆಯ ಆಸ್ತಿ ತನಗೆ ಬರಬೇಕೆಂದು ಹಟ ಹಿಡಿದವಳು. ದುಡ್ಡು ತಗೊಂಡು ಬಿಟ್ಟುಬಿಡು ಅಂತ ಗಂಡ ಕಾಡಿದ, 1617ರಲ್ಲಿ ಸ್ವತಃ ದೊರೆಯೇ ಕರೆಸಿ ಒತ್ತಾಯ ಮಾಡಿದ. ಆಕೆ ಒಪ್ಪಲಿಲ್ಲ. 1643ರಲ್ಲಿ ಆಸ್ತಿ ಕೈಗೆ ಬಂತು. ಲಾರ್ಕಿನ್ ಬರೆದ ಆಕೆಯ ಪಟ ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯಲ್ಲಿದೆ. ಅದನ್ನೂ ಹುಡುಕಿಕೊಂಡು ಹೋಗಿ ನೋಡಿ ಬಂದೆ. ಆ ಮುಖ ನನಗೆ ಬಹಳ ಹಿಡಿಸಿತು.

ಆದರೆ ನಾನು ಹೇಳಬೇಕೆಂದಿರುವುದು ಲಾರ್ಕಿನ್ನನ ಹೆಸರಿನ ಕಥೆ. ಆತ 1619ರಲ್ಲಿ ತೀರಿಕೊಂಡ. ಪಟದಲ್ಲಿ ನಿಂತವರ ಹೆಸರು, ಬಿರುದು, ಮದುವೆ, ಜಗಳ ಎಲ್ಲವೂ ಗ್ರಂಥಗಳಲ್ಲಿ ಉಳಿದವು. ಬರೆದವನ ಹೆಸರು ಪಟಗಳಿಂದ ಕಳಚಿಹೋಯಿತು. 20ನೇ ಶತಮಾನದಲ್ಲಿ ವಿದ್ವಾಂಸರು ನೋಡಿದಾಗ ಬೇರೆಬೇರೆ ಮನೆತನದವರ ಹಿಂದೆ ಒಂದೇ ಥರದ ಪರದೆ, ಒಂದೇ ಥರದ ಗಂಬಳಿ ಕಂಡಿತು. ಎಲ್ಲ ಒಂದೇ ಕೈಯಿನ ಕೆಲಸವೆಂದು ಊಹಿಸಿ, ಹೆಸರು ಗೊತ್ತಿಲ್ಲದ್ದರಿಂದ ಅವನನ್ನು ‘ಪರದೆಯ ಮೇಷ್ಟ್ರು’ ಎಂಬರ್ಥದಲ್ಲಿ ಕರ್ಟನ್ ಮಾಸ್ಟರ್ ಎಂದು ಕರೆದರು. ಇದನ್ನು ಮಗ ಓದಿ ಹೇಳಿದಾಗ ನನಗೆ ಅಲ್ಲಿಯೇ ಕೂರಬೇಕಾಯಿತು.

ಕೊನೆಗೆ ಹೆಸರು ಸಿಕ್ಕಿದ್ದಾದರೂ ಹೇಗೆ? ಎಡ್ವರ್ಡ್ ಹರ್ಬರ್ಟ್ ಎಂಬ ಪ್ರಭುವೊಬ್ಬ ತನ್ನ ಆತ್ಮಕಥೆ ಬರೆದಿದ್ದಾನೆ. ಒಂದು ದಿನ ಆ ಡಾರ್ಸೆಟ್ಟಿನ ಅರ್ಲ್ ಅವನನ್ನು ಮನೆಗೆ ಕರೆದು ಚಿತ್ರಗಳನ್ನೆಲ್ಲ ತೋರಿಸಿ, ಕೊನೆಯಲ್ಲಿ ಹಸಿರು ರೇಷ್ಮೆ ಬಟ್ಟೆ ಮುಚ್ಚಿದ್ದ ಒಂದು ಪಟದ ಮುಂದೆ ನಿಲ್ಲಿಸಿ, ಇದು ಯಾರದಿರಬಹುದು ಎಂದು ಕೇಳಿದನಂತೆ. ಬಟ್ಟೆ ಸರಿಸಿದರೆ ಹರ್ಬರ್ಟನದೇ ಮುಖ. ಲಾರ್ಕಿನ್ ಎಂಬೊಬ್ಬ ಚಿತ್ರಗಾರ ಬರೆದಿದ್ದ ಪಟದ ಪ್ರತಿ ಅದು, ಮೂಲವನ್ನು ಸರ್ ಥಾಮಸ್ ಲೂಸಿಗೆ ಕೊಡಬೇಕೆಂದುಕೊಂಡಿದ್ದೆ ಎಂದು ಹರ್ಬರ್ಟ್ ಹೇಳುತ್ತಾನೆ. ಲೂಸಿಯ ಮನೆ ಚಾರ್ಲ್‌ಕೋಟ್. ಅಲ್ಲಿ ತಾಮ್ರದ ತಗಡಿನ ಮೇಲೆ ಬರೆದ ಹರ್ಬರ್ಟನ ಮೊಟ್ಟೆಯಾಕಾರದ ಪಟವನ್ನು 1952ರಲ್ಲಿ ಗುರುತಿಸಿದರು. ಮುಂದೆ 1960ರ ದಶಕದಲ್ಲಿ ರಾಯ್ ಸ್ಟ್ರಾಂಗ್ ಎಂಬ ವಿದ್ವಾಂಸರು ಪರದೆಯ ಪಟಗಳೂ ಅದೇ ಲಾರ್ಕಿನ್ನನವೆಂದು ತೋರಿಸಿದರು. ಮುನ್ನೂರು ವರ್ಷಕ್ಕೂ ಮೀರಿ ಕಳೆದುಹೋಗಿದ್ದ ಹೆಸರು ಮತ್ತೆ ಸಿಕ್ಕಿದ್ದಕ್ಕೆ ಆಧಾರ ಅರ್ಧ ಸಾಲು. ಕೂತವರಲ್ಲಿ ಒಬ್ಬನಿಗಾದರೂ ಅದನ್ನು ಬರೆಯಬೇಕೆನಿಸಿತಲ್ಲ ಎಂದು ನಾನು ಆ ಹರ್ಬರ್ಟನಿಗೆ ಮನಸ್ಸಿನಲ್ಲೇ ಕೈಮುಗಿದೆ.

ಅದೇ ಹೊತ್ತಿಗೆ ನಮ್ಮ ದೇಶದಲ್ಲಿ ಜಹಾಂಗೀರನ ಆಸ್ಥಾನದ ಬಿಚಿತ್ರ ಎಂಬ ಕಲಾವಿದ ಒಂದು ಚಿತ್ರ ಬರೆದಿದ್ದಾನೆ. ಅದರಲ್ಲಿ ಬಾದಶಹ, ಸೂಫಿ ಸಂತ, ಟರ್ಕಿಯ ಸುಲ್ತಾನ, ಇಂಗ್ಲೆಂಡಿನ ಇದೇ ಜೇಮ್ಸ್ ದೊರೆ ಎಲ್ಲರೂ ಇದ್ದಾರೆ. ಜೇಮ್ಸನ ಕೆಳಗೆ, ಮೂಲೆಯಲ್ಲಿ, ಚಿಕ್ಕ ಚಿತ್ರವೊಂದನ್ನು ಕೈಯಲ್ಲಿ ಹಿಡಿದ ಬಿಚಿತ್ರನೂ ಇದ್ದಾನೆ. ಬಾದಶಹನ ಕಾಲ್ಮಣೆಯ ಮೇಲೆ ತನ್ನ ಹೆಸರು ಬರೆದುಕೊಂಡಿದ್ದಾನೆ. ಕಾಲಡಿಯಲ್ಲಿ ಎಂದರೆ ವಿನಯ, ಆದರೂ ಹೆಸರು ಉಳಿಯಿತು. ಯಾರೂ ಆ ಕಾಲ್ಮಣೆಯನ್ನು ಕತ್ತರಿಸಲಿಲ್ಲ.

ನಾನು ಮಂಡ್ಯ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ ಇಪ್ಪತ್ತೊಂಬತ್ತು ವರ್ಷ ಡ್ರಾಯಿಂಗ್ ಟೀಚರಾಗಿದ್ದವಳು. ಆ ಅನುಭವದಿಂದ ಹೇಳುತ್ತೇನೆ, ಇದಕ್ಕೆ ಖರ್ಚು ಏನೂ ಇಲ್ಲ. ನಿಮ್ಮ ಸಂಸ್ಥೆಯಲ್ಲಿ ಪಟವಿದ್ದರೆ ಮೊದಲು ಹಳೇ ರಸೀದಿ ಪುಸ್ತಕ, ನಡಾವಳಿ ಪುಸ್ತಕ ತೆಗೆದು ನೋಡಿ. ‘ಪಟದ ಬಾಬ್ತು’ ಎಂದು ಕೊಟ್ಟ ಹಣದ ಎದುರಿಗೆ ಹೆಸರು ಇದ್ದರೂ ಇರಬಹುದು. ಇಲ್ಲದಿದ್ದರೆ ಹಿರಿಯರನ್ನು ಕೇಳಿ. ಸಿಕ್ಕಿದ ಹೆಸರನ್ನು ಬಾಲ್‌ಪೆನ್ನಿನಲ್ಲಿ ಕ್ಯಾನ್ವಾಸಿನ ಬೆನ್ನಿಗೆ ಒತ್ತಿ ಬರೆಯಬೇಡಿ, ಮುಂದಗಡೆಯ ಬಣ್ಣ ಬಿರುಕು ಬಿಡುತ್ತದೆ. ಹಿಂದಿನ ಮರದ ಪಟ್ಟಿಯ ಮೇಲೆ ಪೆನ್ಸಿಲಿನಲ್ಲಿ ಬರೆಯಿರಿ, ಅಥವಾ ರಟ್ಟಿನ ಚೀಟಿ ಬರೆದು ದಾರದಿಂದ ಕಟ್ಟಿ. ಮತ್ತೆ ಕಟ್ಟು ಹಾಕಿಸುವಾಗ ಪಟದ ಅಳತೆಗೆ ಕಟ್ಟು ಮಾಡಿಸಿ, ಕಟ್ಟಿನ ಅಳತೆಗೆ ಪಟ ಕತ್ತರಿಸಬೇಡಿ. ಮಂಡ್ಯದಲ್ಲಾಗಲಿ ಮೈಸೂರಿನಲ್ಲಾಗಲಿ ಕಲಾಶಾಲೆಯ ಮಕ್ಕಳನ್ನು ಒಂದು ಭಾನುವಾರ ಕಳಿಸಿದರೆ ಇಡೀ ಊರಿನ ಪಟಗಳ ಪಟ್ಟಿ ಮಾಡಿಕೊಂಡು ಬರುತ್ತಾರೆ.

ತಂದೆಯವರ ಹೆಸರನ್ನು ಇಲ್ಲಿ ಬರೆದಿಲ್ಲ. ಬರೆದರೆ ಆ ವಿದ್ಯಾರ್ಥಿನಿಲಯ ಯಾವುದೆಂದು ಗೊತ್ತಾಗಿ, ಗೌರವದಿಂದ ಪಟ ಇಟ್ಟುಕೊಂಡವರಿಗೆ ಮುಜುಗರವಾಗುತ್ತದೆ. ಲಂಡನ್ನಿನಿಂದ ಬಂದ ವಾರವೇ ಅಲ್ಲಿಗೆ ಹೋಗಿ ಹೆಸರು, ಇಸವಿ ಬರೆದ ಚೀಟಿ ಕೊಟ್ಟೆ. ಅವರೇ ಏಣಿ ತರಿಸಿ, ಪಟ ಇಳಿಸಿ, ನನ್ನ ಕೈಯಿಂದಲೇ ಕಟ್ಟಿಸಿದರು.

ಅಪ್ಪ ಬರೆದ ಪಟಗಳು ನೂರಕ್ಕೂ ಹೆಚ್ಚು. ನನಗೆ ಪತ್ತೆಯಾದದ್ದು ಹನ್ನೊಂದು. ನಿಮ್ಮ ಮನೆಯಲ್ಲೋ ಛತ್ರದಲ್ಲೋ ಮರೂನ್ ಪರದೆ, ಹಳದಿ ಕುಚ್ಚು ಇರುವ ಪಟವಿದ್ದರೆ, ಬಲಗಡೆ ಮೇಲಿನಿಂದ ಮೂರನೆಯ ಕುಚ್ಚಿನ ಜಾಗ ಖಾಲಿ ಇದೆಯೇ ನೋಡಿ. ಇದ್ದರೆ ದಯವಿಟ್ಟು ಪತ್ರಿಕೆಯ ಕಚೇರಿಗೆ ಒಂದು ಕಾರ್ಡು ಹಾಕಿ. ಚೀಟಿ, ದಾರ ತೆಗೆದುಕೊಂಡು ನಾನೇ ಬರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಚಿತ್ರಕಲಾ ಶಿಕ್ಷಕಿ
ಅಗ್ರಹಾರ, ಮೈಸೂರು